ಅರ್ಧ ಓದು ಕಿವಿಯದು

ಏಪ್ರಿಲ್, ಮೇ ಅಂದರೆ ಲಗ್ನಪತ್ರಿಕೆಗಳ ಕಾಲ. ಮನೆಗೆ ಬಂದ ಒಂದು ಪತ್ರಿಕೆಯನ್ನು ಮೂರನೇ ತರಗತಿ ಮುಗಿಸಿದ ಮಗುವಿನ ಕೈಗೆ ಕೊಟ್ಟು ಗಟ್ಟಿಯಾಗಿ ಓದಲು ಹೇಳಿ ನೋಡಿ. ಊರಿನ ಹೆಸರು, ತಾರೀಖು, ಊಟದ ಹೊತ್ತು ಎಲ್ಲ ಸಲೀಸು. ‘ಜ್ಯೇಷ್ಠ ಪುತ್ರಿ’, ‘ಶುಭಮುಹೂರ್ತ’, ‘ಆಶೀರ್ವದಿಸಬೇಕಾಗಿ’ ಬಂದ ಕಡೆ ಗಾಡಿ ನಿಂತುಬಿಡುತ್ತದೆ. ‘ಮೂರು ವರ್ಷ ಸ್ಕೂಲಿಗೆ ಹೋಗಿ ಇಷ್ಟೂ ಬರಲ್ವೇನೋ?’ ಎಂದು ಪಕ್ಕದಲ್ಲಿ ಕುಳಿತ ಮಾವ ಗದರುವ ಮೊದಲು ಆ ಅಕ್ಷರಗಳನ್ನೇ ಒಮ್ಮೆ ದಿಟ್ಟಿಸಿ ನೋಡುವುದು ಒಳ್ಳೆಯದು.

‘ಭಕ್ತಿ’ ಎಂಬ ಪದವನ್ನೇ ತೆಗೆದುಕೊಳ್ಳಿ. ಗುಡಿಸು ಕೂತಿರುವುದು ‘ಕ’ದ ನೆತ್ತಿಯ ಮೇಲೆ. ಆದರೆ ಬಾಯಲ್ಲಿ ಆ ‘ಇ’ ಹೊರಡುವುದು ಕೆಳಗಿರುವ ‘ತ’ ಒತ್ತನ್ನು ಹೇಳಿದ ಮೇಲೆ. ‘ಸೂರ್ಯ’ದಲ್ಲಿ ಇನ್ನೂ ತಮಾಷೆ: ಮೊದಲು ಕಾಣುವುದು ‘ಯ’, ಅದರ ಬೆನ್ನಿಗೆ ಅರ್ಕಾವೊತ್ತು, ಉಚ್ಚರಿಸುವಾಗ ಮಾತ್ರ ‘ರ್’ ಮುಂದೆ, ‘ಯ’ ಹಿಂದೆ. ಕನ್ನಡವನ್ನು ಬರೆದಂತೆಯೇ ಓದುತ್ತೇವೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ನಾವು ಈ ಕಸರತ್ತನ್ನು ಕಲಿತು ಮರೆತಿದ್ದೇವೆ. ಮಗುವಿನ ಕಣ್ಣು ಮೇಲೆ ಹೋಗಿ, ಕೆಳಗಿಳಿದು, ಮತ್ತೆ ಮೇಲೆ ಬಂದು ಧ್ವನಿಯನ್ನು ಜೋಡಿಸಬೇಕು. ವರ್ಣಮಾಲೆಯಲ್ಲಿರುವುದು 49 ಅಕ್ಷರ. ಕಾಗುಣಿತ ಸೇರಿದರೆ ರೂಪಗಳು ನಾನೂರನ್ನು ದಾಟುತ್ತವೆ. ಒತ್ತಕ್ಷರಗಳ ಲೆಕ್ಕ ಬೇರೆ. ಕನ್ನಡ ಮಕ್ಕಳ ಓದಿನ ಬಗ್ಗೆ ಸಂಶೋಧನೆ ನಡೆಸಿರುವ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಕ್ಷರ ಕಲಿಕೆ ಒಂದು-ಎರಡನೇ ತರಗತಿಗೆ ಮುಗಿಯುವಂಥದ್ದಲ್ಲ. ನಾಲ್ಕನೇ ತರಗತಿಯಲ್ಲೂ ನಡೆದೇ ಇರುತ್ತದೆ. ‘ಷ್ಠ’, ‘ಜ್ಞ’, ‘ಸ್ತ್ರ’ದಂಥವು ಪಠ್ಯಪುಸ್ತಕದಲ್ಲಿ ಅಪರೂಪಕ್ಕೆ ಮುಖ ತೋರಿಸುತ್ತವೆ. ಅವು ಸಲೀಸಾಗಬೇಕಾದರೆ ಪುಟಗಳು ಸಾಕಷ್ಟು ಮಗುಚಬೇಕು, ಬೇರೆ ಒಳದಾರಿ ಇಲ್ಲ. ಶಾಲೆಯ ವರ್ಷದಲ್ಲಿ ಅದಕ್ಕೆ ಪುರಸೊತ್ತೆಲ್ಲಿ? ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಸಿಗುವ ಏಳು ವಾರಗಳೇ ಪುರಸೊತ್ತು.

ರಜೆಯಲ್ಲಿ ಮಕ್ಕಳು ಕಲಿತದ್ದನ್ನೆಲ್ಲ ಮರೆತುಬಿಡುತ್ತಾರೆ ಎಂಬ ಭಯ ಹಳೆಯದು. ಅಮೆರಿಕದಲ್ಲಿ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 1996ರಲ್ಲಿ ಅದುವರೆಗಿನ 39 ಅಧ್ಯಯನಗಳನ್ನು ಜಾಲಾಡಿ, ಬೇಸಿಗೆ ರಜೆಯಲ್ಲಿ ಸರಾಸರಿ ಒಂದು ತಿಂಗಳ ಕಲಿಕೆ ಕರಗುತ್ತದೆ, ಓದಿನಲ್ಲಿ ಬಡ ಮನೆಗಳ ಮಕ್ಕಳಿಗೆ ಪೆಟ್ಟು ಹೆಚ್ಚು ಎಂದರು. 2019ರಲ್ಲಿ ಪಾಲ್ ಫಾನ್ ಹಿಪೆಲ್ ಎಂಬ ಸಂಶೋಧಕ ಇದನ್ನು ಪ್ರಶ್ನಿಸಿದರು: ಹಳೆಯ ಪರೀಕ್ಷೆಗಳು ಅಂಕ ಕೊಡುತ್ತಿದ್ದ ರೀತಿಯೇ ಈ ನಷ್ಟವನ್ನು ದೊಡ್ಡದು ಮಾಡಿ ತೋರಿಸಿರಬಹುದು, ಹೊಸ ಅಳತೆಗೋಲಿನಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ. ಅಲ್ಲಿನ ರಜೆ ನಮ್ಮದಕ್ಕಿಂತ ಉದ್ದ ಬೇರೆ. ಹಾಗಾಗಿ ಮರೆವಿನ ಗುಮ್ಮನನ್ನು ತೋರಿಸಿ ಬೇಸಿಗೆ ಟ್ಯೂಷನ್ ಮಾರುವವರ ಮಾತಿಗೆ ಕಿವಿಗೊಡಬೇಕಿಲ್ಲ ಎಂದೇ ನನ್ನ ಎಣಿಕೆ.

ಆದರೆ ರಜೆಯ ಓದಿನಿಂದ ಲಾಭವಿದೆಯೇ ಎಂಬ ಪ್ರಶ್ನೆಗೆ ಒಂದು ಒಳ್ಳೆಯ ಉತ್ತರ ಸಿಕ್ಕಿದೆ. ರಿಚರ್ಡ್ ಆಲಿಂಗ್ಟನ್ ಮತ್ತು ಆನ್ ಮೆಕ್‌ಗಿಲ್-ಫ್ರಾಂಜೆನ್ ಫ್ಲೋರಿಡಾದ ಬಡ ಬಡಾವಣೆಗಳ ಶಾಲೆಗಳಲ್ಲಿ 852 ಮಕ್ಕಳಿಗೆ ಮೂರು ಬೇಸಿಗೆಗಳಲ್ಲಿ ತಲಾ 12 ಪುಸ್ತಕ ಕೊಟ್ಟರು. ಪಾಠವಿಲ್ಲ, ಪರೀಕ್ಷೆಯಿಲ್ಲ, ಮೇಷ್ಟ್ರಿಲ್ಲ. 2010ರಲ್ಲಿ ಫಲಿತಾಂಶ ಪ್ರಕಟವಾದಾಗ, ಪುಸ್ತಕ ಸಿಗದ ಮಕ್ಕಳಿಗಿಂತ ಇವರ ಓದು ಮುಂದಿತ್ತು. ತೀರ ಬಡ ಮಕ್ಕಳಲ್ಲಿ ಅಂತರ ಇನ್ನೂ ಹೆಚ್ಚು. ಇದರಲ್ಲಿ ನನಗೆ ಮುಖ್ಯವೆನಿಸುವ ಸಂಗತಿ ಬೇರೆ: ಪುಸ್ತಕಗಳನ್ನು ಆರಿಸಿಕೊಂಡವರು ಮಕ್ಕಳೇ. ಸಿನಿಮಾ ತಾರೆಯರ, ಪಾಪ್ ಗಾಯಕರ ಕಥೆಗಳನ್ನು ಅವರು ಮುಗಿಬಿದ್ದು ಎತ್ತಿಕೊಂಡರು. ದೊಡ್ಡವರು ಆರಿಸಿದ್ದರೆ ಮೂಗು ಮುರಿಯುವಂಥವು. ನಮ್ಮಲ್ಲಿ ಪುಸ್ತಕ ಮೇಳದಲ್ಲಿ ಮಗು ದೆವ್ವದ ಕಥೆಗೆ ಕೈ ಹಾಕಿದರೆ ಅಪ್ಪ ಅದನ್ನು ಕಿತ್ತಿಟ್ಟು ಮಹಾಪುರುಷರ ಜೀವನಚರಿತ್ರೆ ಕೊಡಿಸುತ್ತಾರೆ. ದೆವ್ವವನ್ನು ಮನೆಗೆ ಬಿಟ್ಟುಕೊಳ್ಳುವುದೇ ವಿಜ್ಞಾನಕ್ಕೆ ಹತ್ತಿರ.

ಇನ್ನು ಕಿವಿಯ ವಿಚಾರ. ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ 1986ರಲ್ಲಿ ಓದಿಗೊಂದು ಸೂತ್ರ ಕೊಟ್ಟರು. ಅಕ್ಷರ ಬಿಡಿಸುವ ಶಕ್ತಿಯನ್ನು ಕೇಳಿ ಅರ್ಥಮಾಡಿಕೊಳ್ಳುವ ಶಕ್ತಿಯಿಂದ ಗುಣಿಸಿದರೆ ಬರುವುದೇ ಓದಿನ ಗ್ರಹಿಕೆ. ಕೂಡಿಸುವುದಲ್ಲ, ಗುಣಿಸುವುದು. ಎರಡರಲ್ಲಿ ಯಾವುದು ಸೊನ್ನೆಯಾದರೂ ಉತ್ತರ ಸೊನ್ನೆ. ಮಂತ್ರವನ್ನು ತಪ್ಪಿಲ್ಲದೆ ಓದಿ ಅರ್ಥ ತಿಳಿಯದವರನ್ನೂ, ಕಥೆ ಕೇಳಿ ಚೆನ್ನಾಗಿ ಚರ್ಚಿಸುವ, ಅಕ್ಷರ ಬಾರದ ಅಜ್ಜಿಯನ್ನೂ ನಾವು ನೋಡಿಯೇ ಇದ್ದೇವೆ. ಶಾಲೆ ಮೊದಲನೆಯದನ್ನು ಹೇಗೋ ಕಲಿಸುತ್ತದೆ. ಎರಡನೆಯದನ್ನು ಬೆಳೆಸಲು ಮನೆಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ, ಅದಕ್ಕೆ ಬೇಕಾದದ್ದು ಗಟ್ಟಿಯಾಗಿ ಓದಿ ಹೇಳುವ ಒಬ್ಬರು.

ಓದಿ ಹೇಳುವುದರಲ್ಲೂ ರೀತಿಗಳಿವೆ. ನ್ಯೂಯಾರ್ಕ್‌ನ ಲಾಂಗ್ ಐಲೆಂಡಿನಲ್ಲಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಎರಡರಿಂದ ಮೂರು ವರ್ಷದ ಸುಮಾರು 30 ಮಕ್ಕಳ ಮನೆಗಳನ್ನು ಎರಡು ಗುಂಪು ಮಾಡಿದರು. ಎರಡೂ ಗುಂಪಿನ ತಂದೆತಾಯಿ ಒಂದು ತಿಂಗಳು ಚಿತ್ರಪುಸ್ತಕ ಓದಿ ಹೇಳಬೇಕು. ಒಂದು ಗುಂಪಿಗೆ ಮಾತ್ರ ಒಂದು ಸಣ್ಣ ಪಾಠ: ನೀವೇ ಓದುತ್ತಾ ಹೋಗಬೇಡಿ, ಹೌದು-ಇಲ್ಲ ಎಂದು ಮುಗಿಯದಂಥ ಪ್ರಶ್ನೆ ಕೇಳಿ, ಮಗು ಅರ್ಧ ಹೇಳಿದ್ದನ್ನು ಬೆಳೆಸಿ ಹೇಳಿ, ಕಥೆಯನ್ನು ನಿಧಾನವಾಗಿ ಅದರ ಬಾಯಿಗೇ ದಾಟಿಸಿ. ತಿಂಗಳ ಕೊನೆಗೆ ಮಾತಿನ ಪರೀಕ್ಷೆಯಲ್ಲಿ ಆ ಗುಂಪಿನ ಮಕ್ಕಳು ಎಂಟೂವರೆ ತಿಂಗಳಷ್ಟು, ಪದಸಂಪತ್ತಿನಲ್ಲಿ ಆರು ತಿಂಗಳಷ್ಟು ಮುಂದಿದ್ದರು. 1988ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಎರಡು ಗುಂಪುಗಳ ಓದಿನ ನಡುವೆ ಇದ್ದ ವ್ಯತ್ಯಾಸ ಹರಟೆಯದು.

ಕನ್ನಡಿಗರಿಗೆ ಇದರ ಪರಿಚಯ ಹೊಸದಾಗಿ ಆಗಬೇಕಿಲ್ಲ. ನಮ್ಮ ಗಮಕದಲ್ಲಿ ಒಬ್ಬರು ಕುಮಾರವ್ಯಾಸನನ್ನೋ ಲಕ್ಷ್ಮೀಶನನ್ನೋ ರಾಗವಾಗಿ ವಾಚಿಸುತ್ತಾರೆ, ಇನ್ನೊಬ್ಬರು ಅಲ್ಲಲ್ಲಿ ತಡೆದು ವ್ಯಾಖ್ಯಾನ ಹೇಳುತ್ತಾರೆ. ಅಕ್ಷರ ಬಾರದವರ ಮನಸ್ಸಿಗೂ ಹಳೆಯ ಕಾವ್ಯದ ಪದಗಳು ಇಳಿದದ್ದು ಹಾಗೆ. ಮನೆಯ ಪಡಸಾಲೆಯಲ್ಲಿ ಅದನ್ನೇ ಸಣ್ಣದಾಗಿ ಮಾಡಬಹುದು. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಅಮ್ಮ ಓದಲಿ, ಇಲಿಗಳ ಪಟ್ಟಿ ಬಂದಾಗ ಮಕ್ಕಳು ದನಿಗೂಡಿಸಲಿ. ಮುಗಿದ ಮೇಲೆ ‘ಇಲಿಗಳು ಎಲ್ಲಿ ಬಿದ್ದವು?’ ಎಂದು ಮೇಷ್ಟ್ರ ಪ್ರಶ್ನೆ ಬೇಡ. ‘ಗೌಡ ಮಾತಿಗೆ ತಪ್ಪಿದ, ಸರಿ. ಅದಕ್ಕೆ ಮಕ್ಕಳಿಗ್ಯಾಕೆ ಶಿಕ್ಷೆ ಪುಟ್ಟಿ?’ ಎಂದು ಕೇಳಿ ನೋಡಿ. ‘ಜೋಗೀದೂ ತಪ್ಪೇ ಕಣಮ್ಮ’ ಎಂದು ಒಬ್ಬಳು, ‘ಇಲ್ಲ, ಗೌಡಂದೇ’ ಎಂದು ಇನ್ನೊಬ್ಬ ಜಗಳಕ್ಕೆ ನಿಂತರೆ ಆ ಸಂಜೆಯ ಓದು ಸಾರ್ಥಕ.

ಕೆಲವು ಮಕ್ಕಳು ಒಂದೇ ಪುಸ್ತಕವನ್ನು ಹಿಡಿದು ‘ಇದೇ ಓದು’ ಎಂದು ಪ್ರಾಣ ಹಿಂಡುತ್ತವೆ. ಅಜ್ಜಂದಿರು ಮಾತ್ರ ತಾಳಿಕೊಳ್ಳಬಲ್ಲ ಹಠ ಇದು. ಇದಕ್ಕೂ ಅರ್ಥವಿದೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಜೆಸ್ಸಿಕಾ ಹಾರ್ಸ್ಟ್ ತಂಡ ಮೂರು ವರ್ಷದ ಕೆಲವು ಮಕ್ಕಳಿಗೆ ಒಂದೇ ಕಥೆಯನ್ನು ಮತ್ತೆ ಮತ್ತೆ, ಉಳಿದವರಿಗೆ ಬೇರೆ ಬೇರೆ ಕಥೆಗಳನ್ನು ಓದಿ ಹೇಳಿತು. ಎರಡರಲ್ಲೂ ಹೊಸ ಪದಗಳು ಕಿವಿಗೆ ಬಿದ್ದದ್ದು ಅಷ್ಟೇ ಸಲ. ವಾರದ ನಂತರ ಪದಗಳನ್ನು ಹೆಚ್ಚು ಉಳಿಸಿಕೊಂಡವರು ಒಂದೇ ಕಥೆ ಕೇಳಿದವರು. ಮೊದಲ ಸಲ ಕಥೆಯ ಹಿಂದೆ ಓಡುವ ಮನಸ್ಸಿಗೆ ಪದಗಳ ಕಡೆ ತಿರುಗಲು ಬಿಡುವು ಸಿಗುವುದು ಎರಡನೇ, ಮೂರನೇ ಸಲ.

ಓದುವಾಗ ಸಾಲಿನ ಕೆಳಗೆ ಬೆರಳು ಓಡಿಸುತ್ತಾ ಹೋದರೆ ಇನ್ನೊಂದು ಲಾಭ. ಕೆನಡಾದಲ್ಲಿ ಪುಟ್ಟ ಮಕ್ಕಳ ಕಣ್ಣಿನ ಚಲನೆಯನ್ನು ಅಳೆದು ನೋಡಿದ ಮೇರಿ ಆನ್ ಇವಾನ್ಸ್ ಮತ್ತು ಜಾನ್ ಸೇಂಟ್-ಓಬಾನ್ 2005ರಲ್ಲಿ ವರದಿ ಮಾಡಿದಂತೆ, ಕಥೆ ಕೇಳುವಾಗ ಮಕ್ಕಳ ಕಣ್ಣು ಚಿತ್ರದ ಮೇಲೇ ನೆಟ್ಟಿರುತ್ತದೆ, ಅಕ್ಷರದ ಕಡೆ ಹೆಚ್ಚುಕಡಿಮೆ ಸುಳಿಯುವುದೇ ಇಲ್ಲ. ಕಣ್ಣನ್ನು ಅಕ್ಷರಕ್ಕೆ ಎಳೆಯಲು ಬೆರಳು ಬೇಕು.

ಪುಸ್ತಕದ ಭಾಷೆ ಬೇರೆ ದಾರಿಯಲ್ಲಿ ಮನೆಗೆ ಬರುವುದಿಲ್ಲ. ಜೆಸ್ಸಿಕಾ ಮಾಂಟಾಗ್ ಮತ್ತು ಸಂಗಡಿಗರು 2015ರಲ್ಲಿ ಇಂಗ್ಲಿಷಿನ 100 ಚಿತ್ರಪುಸ್ತಕಗಳನ್ನು ದೊಡ್ಡವರು ಮಕ್ಕಳೊಂದಿಗೆ ಆಡುವ ಮಾತಿನೊಂದಿಗೆ ಹೋಲಿಸಿದರು. ಅಷ್ಟೇ ಉದ್ದದ ಮಾತಿಗಿಂತ ಪುಸ್ತಕಗಳಲ್ಲಿ ಬೇರೆ ಬೇರೆ ಪದಗಳು 1.7 ಪಟ್ಟು ಹೆಚ್ಚು. ಕನ್ನಡದಲ್ಲಿ ಬಾಯಿಮಾತಿಗೂ ಬರಹಕ್ಕೂ ನಡುವಿನ ಕಂದಕ ಹೇಳಿಕೇಳಿ ದೊಡ್ಡದು. ಕುಂದಾಪುರದ ಮಗುವಿಗೂ, ಹುಬ್ಬಳ್ಳಿಯ ಮಗುವಿಗೂ, ಮನೆಯಲ್ಲಿ ತುಳುವೋ ಉರ್ದುವೋ ಆಡುವ ಮಗುವಿಗೂ ಪುಸ್ತಕದ ‘ಹೋಗುತ್ತಿದ್ದನು’ ಒಂದು ಪರವೂರು. ಅದು ಮೊದಲು ಕಿವಿಗೆ ಬಿದ್ದು ಪಳಗಿದ್ದರೆ ಕಣ್ಣಿಗೆ ಬಿದ್ದಾಗ ಬೆಚ್ಚಿಬೀಳಬೇಕಿಲ್ಲ.

ಪುಸ್ತಕ ಎಂದರೆ ಓಡುವ ಹುಡುಗರಿಗೆ ಐಪಿಎಲ್ ಇದೆ. ಇದು ತಮಾಷೆಯಲ್ಲ. ಡೋನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ 1988ರಲ್ಲಿ 64 ಅಮೆರಿಕನ್ ವಿದ್ಯಾರ್ಥಿಗಳಿಗೆ ಬೇಸ್‌ಬಾಲ್ ಪಂದ್ಯದ ವರ್ಣನೆಯೊಂದನ್ನು ಓದಲು ಕೊಟ್ಟು, ಮಾದರಿ ಮೈದಾನದಲ್ಲಿ ಗೊಂಬೆಗಳನ್ನು ಸರಿಸಿ ಆಟವನ್ನು ವಿವರಿಸಲು ಹೇಳಿದರು. ಓದಿನಲ್ಲಿ ಹಿಂದೆ ಎನಿಸಿಕೊಂಡಿದ್ದರೂ ಆಟ ಬಲ್ಲವರು, ಓದಿನಲ್ಲಿ ಮುಂದಿದ್ದೂ ಆಟ ಅರಿಯದವರನ್ನು ಹಿಂದಿಕ್ಕಿದರು. ವಿಷಯ ಗೊತ್ತಿದ್ದರೆ ಸಾಲುಗಳ ನಡುವಿನ ಖಾಲಿ ಜಾಗವನ್ನು ಮೆದುಳೇ ತುಂಬಿಕೊಳ್ಳುತ್ತದೆ. ಹಿಂದಿನ ರಾತ್ರಿ ಆರ್‌ಸಿಬಿ ಪಂದ್ಯ ನೋಡಿದ ಹುಡುಗನಿಗೆ ಬೆಳಗ್ಗೆ ಪತ್ರಿಕೆಯ ಕ್ರೀಡಾಪುಟ ಕೊಟ್ಟರೆ, ಪಾಠದ ಪುಸ್ತಕದಲ್ಲಿ ಅವನನ್ನು ಕೆಡವುವ ಒತ್ತಕ್ಷರಗಳನ್ನು ಅಲ್ಲಿ ಅವನು ಹಾರಿಕೊಂಡು ಹೋಗುತ್ತಾನೆ. ಹಾಗೆಯೇ ಮಾಳಿಗೆಯಲ್ಲಿ ಸಂಡಿಗೆ ಇಡುವ ದಿನ ಅಳತೆಗಳನ್ನು ಬರೆದ ಚೀಟಿ ಓದಿ ಹೇಳುವ ಕೆಲಸ ಮಗುವಿನದಾಗಲಿ. ಪಂಚಾಂಗದಲ್ಲಿ ಭರಣಿ ಮಳೆ ಎಂದು ಹುಟ್ಟುತ್ತದೆ ಎಂದು ಹುಡುಕಿ ತಾತನಿಗೆ ತಿಳಿಸಲಿ.

ಹಾಡು ಇನ್ನೊಂದು ದಾರಿ. ಅಹಮದಾಬಾದಿನ ಐಐಎಂನಲ್ಲಿದ್ದ ಬ್ರಿಜ್ ಕೊಠಾರಿ 1996ರಲ್ಲಿ ಒಂದು ಸರಳ ಯೋಚನೆ ಮುಂದಿಟ್ಟರು: ಟಿವಿಯ ಚಿತ್ರಗೀತೆಗಳ ಕೆಳಗೆ ಅದೇ ಭಾಷೆಯಲ್ಲಿ ಸಾಹಿತ್ಯ ಮೂಡಲಿ, ಹಾಡುತ್ತಿರುವ ಪದ ಬಣ್ಣ ಬದಲಿಸಲಿ. ಹಾಡು ಹೇಗೂ ಬಾಯಿಪಾಠ. ಕಣ್ಣು ತನ್ನಷ್ಟಕ್ಕೆ ಧ್ವನಿಯನ್ನೂ ಅಕ್ಷರವನ್ನೂ ಗಂಟು ಹಾಕುತ್ತದೆ. ದೂರದರ್ಶನದ ‘ಚಿತ್ರಹಾರ್’ನಂಥ ಕಾರ್ಯಕ್ರಮಗಳಲ್ಲಿ ಇದು ಜಾರಿಗೆ ಬಂತು. ಕನ್ನಡ ಮಾತು ತಿಳಿಯುವ, ಆದರೆ ಓದಲು ಬಾರದ ಮಕ್ಕಳು ದುಬೈ, ಡಲ್ಲಾಸ್‌ಗಳ ಕನ್ನಡ ಮನೆಗಳಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ಮೊದಲ ಪಾಠ ಅ-ಆ-ಇ-ಈ ಆಗುವ ಬದಲು ಡಾ. ರಾಜ್‌ಕುಮಾರ್ ಅವರ ಒಂದು ಹಾಡಿನ ಸಾಹಿತ್ಯ ಆದರೆ ಯಾರೂ ಕಳೆದುಕೊಳ್ಳುವುದೇನಿಲ್ಲ.

ಒಂದನ್ನು ಮಾತ್ರ ಮಾಡಬೇಡಿ. ‘ಹತ್ತು ಪುಟ ಓದಿದರೆ ಅರ್ಧ ಗಂಟೆ ಮೊಬೈಲು’ ಎಂಬ ಒಪ್ಪಂದ. ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರವೊಂದರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬಿಡಿಸುವುದನ್ನು ಇಷ್ಟಪಡುವ ಮಕ್ಕಳಲ್ಲಿ ಕೆಲವರಿಗೆ, ಚಿತ್ರ ಬಿಡಿಸಿದರೆ ರಿಬ್ಬನ್ನು ಕಟ್ಟಿದ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಹೇಳಿದರು. ಒಂದೆರಡು ವಾರ ಕಳೆದು ಬಣ್ಣದ ಪೆನ್ನುಗಳನ್ನು ಸುಮ್ಮನೆ ಇಟ್ಟು ನೋಡಿದಾಗ, ಆಸೆ ತೋರಿಸಿಕೊಂಡ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಅವುಗಳ ಬಳಿ ಕಳೆದರು. ಹೇಳದೆ ಕೇಳದೆ ಅದೇ ಬಹುಮಾನ ಪಡೆದವರ ಉತ್ಸಾಹ ಕುಗ್ಗಿರಲಿಲ್ಲ. 1973ರ ಈ ಪ್ರಯೋಗ ಹೇಳಿದ್ದು ಇಷ್ಟೇ: ಕೂಲಿ ನಿಗದಿಯಾದ ಕ್ಷಣ ಆಟ ಕೆಲಸವಾಗುತ್ತದೆ. ಮೊಬೈಲನ್ನು ಕೂಲಿಯಾಗಿ ಇಟ್ಟರೆ ಓದು ಕೆಲಸ, ಮೊಬೈಲು ಹಬ್ಬ ಎಂಬುದನ್ನು ನಾವೇ ಕಲಿಸಿದಂತೆ.

ಪುಸ್ತಕಕ್ಕೆ ದುಡ್ಡು ಸುರಿಯಬೇಕಿಲ್ಲ. ಗ್ರಾಮ ಪಂಚಾಯತಿ ಗ್ರಂಥಾಲಯಗಳಲ್ಲಿ 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಇದೆ. ಬೆಂಗಳೂರಿನ ಪ್ರಥಮ್ ಬುಕ್ಸ್ ನಡೆಸುವ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಪುಕ್ಕಟೆ ಸಿಗುತ್ತವೆ, ಓದುವ ಹಂತಕ್ಕೆ ತಕ್ಕಂತೆ ವಿಂಗಡಿಸಿ ಇಟ್ಟಿದ್ದಾರೆ.

ಮನೆಯಲ್ಲಿ ಅಕ್ಷರ ಬಾರದ ಅಜ್ಜಿ ಇದ್ದರೆ ಅವರನ್ನೂ ಈ ಮೇಳಕ್ಕೆ ಸೇರಿಸಿಕೊಳ್ಳಬಹುದು, ಕೇಳುಗರಾಗಿ ಮಾತ್ರವಲ್ಲ. ಲಖನೌ ಸುತ್ತಲಿನ ಹಳ್ಳಿಗಳಲ್ಲಿ ಮೂವತ್ತರ ಆಸುಪಾಸಿನ ಅನಕ್ಷರಸ್ಥರಿಗೆ, ಬಹುಪಾಲು ಮಹಿಳೆಯರಿಗೆ, ಆರು ತಿಂಗಳು ದೇವನಾಗರಿ ಓದಲು ಕಲಿಸಿದ ಸಂಶೋಧಕರು ಮೊದಲೂ ಆಮೇಲೂ ಅವರ ಮೆದುಳನ್ನು ಎಂಆರ್‌ಐಯಲ್ಲಿ ನೋಡಿದರು. 2017ರ ವರದಿಯ ಪ್ರಕಾರ ಬದಲಾವಣೆ ಮೆದುಳಿನ ಮೇಲ್ಪದರಕ್ಕೆ ಸೀಮಿತವಾಗದೆ ಆಳದ ಥಾಲಮಸ್ ಮತ್ತು ಮೆದುಳಕಾಂಡದವರೆಗೂ ಇಳಿದಿತ್ತು. ಅಜ್ಜಿಯ ವಯಸ್ಸು ಅವರದಕ್ಕಿಂತ ಹೆಚ್ಚು, ನಿಜ. ಮೊಮ್ಮಗಳು ಮೇಷ್ಟ್ರಾಗಲು ಒಪ್ಪಿದರೂ ಏಳು ವಾರ ಸಾಲದು; ಪಾಠವನ್ನು ದಸರಾ ರಜೆಯವರೆಗೆ ಎಳೆಯಬೇಕಾದೀತು.