ಬಿಲ್ಲಿಗೆ ಬೇಕಾದದ್ದು ಮೊಳೆಯಲ್ಲ, ಹುಂಜದ ಗರಿ

ಚಿಂತಾಮಣಿಯಲ್ಲಿ ನಮಗೆ ಪರಿಚಯದ ಒಬ್ಬ ಕಿರಾಣಿ ಅಂಗಡಿ ಯಜಮಾನರಿದ್ದಾರೆ. ಅವರ ಮನೆ ಅಟ್ಟದ ಮೇಲೆ ಒಂದು ಬಿಲ್ಲಿದೆ. ಶ್ರೀರಾಮಚಂದ್ರನದ್ದೂ ಅಲ್ಲ, ಅರ್ಜುನನ ಗಾಂಡೀವವೂ ಅಲ್ಲ. ಓದಲೆಂದು ಅಮೆರಿಕಕ್ಕೆ ಹೋಗಿದ್ದ ಅವರ ಚಿಕ್ಕಪ್ಪ 1960ರ ದಶಕದಲ್ಲಿ ಅಲ್ಲಿ ಕೊಂಡು, ಊರಿಗೆ ಮರಳುವಾಗ ಹೊತ್ತು ತಂದ ಬಿಲ್ಲು. ನಡುವೆ ಮರ, ಹಿಂದೆ ಮುಂದೆ ಫೈಬರ್ ಗ್ಲಾಸಿನ ಪಟ್ಟಿ. ವರ್ಷಕ್ಕೊಂದು ಸಲ ಆಯುಧಪೂಜೆಗೆ ಅಟ್ಟದಿಂದ ಇಳಿಯುತ್ತೆ. ತಕ್ಕಡಿ, ತೂಕದ ಬಟ್ಟು, ಸ್ಕೂಟರಿನ ಜತೆ ಕುಂಕುಮ ಇಡಿಸಿಕೊಂಡು ಮತ್ತೆ ಅಟ್ಟ ಹತ್ತುತ್ತೆ.

ಬೇಸಿಗೆ ರಜಕ್ಕೆ ಬಂದ ಮೊಮ್ಮಗ ಅದಕ್ಕೆ ಹೆದೆ ಏರಿಸಿಯೇ ಬಿಟ್ಟ. ಬಾಣವನ್ನು ಆನ್‌ಲೈನಿನಲ್ಲಿ ತರಿಸಿಕೊಂಡಿದ್ದ. ಆದರೆ ಬಾಣ ಕೂರಿಸಿದರೆ ನಿಲ್ಲೋದೇ ಇಲ್ಲ. ಹಿಡಿಯ ಮೇಲ್ಗಡೆ ಮರದಲ್ಲಿ ಒಂದು ಕಚ್ಚು ಕೊರೆದಿದ್ದಾರೆ, ಆ ಕಚ್ಚಿನಲ್ಲಿ ಹಿಂದೆ ಏನೋ ಅಂಟಿಸಿದ್ದ ಕಲೆ ಇದೆ, ಅಂಟಿಸಿದ ಪದಾರ್ಥ ಮಾತ್ರ ನಾಪತ್ತೆ. ಹುಡುಗ ಒಂದು ಕಬ್ಬಿಣದ ತಂತಿಯನ್ನು ಕೊಕ್ಕೆಯಂತೆ ಬಾಗಿಸಿ, ಕರೆಂಟಿನವರ ಕಪ್ಪು ಟೇಪು ಸುತ್ತಿ ಕಚ್ಚಿಗೆ ಕಟ್ಟಿದ. ಹತ್ತು ಹೆಜ್ಜೆ ದೂರದಲ್ಲಿ ಹುಲ್ಲಿನ ಪೆಂಡಿ ಇಟ್ಟ. ಎಳೆದ, ಬಿಟ್ಟ. ಬಾಣ ಪೆಂಡಿ ಕಡೆ ಹೋಗದೆ ಎಡಕ್ಕೆ ತಿರುಗಿ ಪಕ್ಕದ ಮನೆಯವರ ನೀರಿನ ಡ್ರಮ್ಮಿನಲ್ಲಿ ನಾಟಿತು. ಆ ಡ್ರಮ್ಮಿನ ಪಕ್ಕ ಬಟ್ಟೆ ಒಗೆಯುತ್ತಿದ್ದ ಹೆಣ್ಣುಮಗಳು ಒಳಗೆ ಹೋಗಿ ಎರಡು ನಿಮಿಷ ಆಗಿತ್ತಷ್ಟೆ.

ಯಜಮಾನರು ನಮಗೆ ಫೋನು ಮಾಡಿದ್ದು ಆವಾಗ. "ಬಡಗಿ ಕರೆಸಿ ಬಿಲ್ಲಿಗೆ ತೂತು ಕೊರೆಸಿ ಒಂದು ಗಟ್ಟಿ ಮೊಳೆ ಹೊಡೆಸ್ತೀನಿ ಸ್ವಾಮಿ, ಬಾಣ ಭದ್ರವಾಗಿ ಕೂತ್ಕೊಳ್ಳುತ್ತೆ" ಅಂದರು. ದಯಮಾಡಿ ಬೇಡಿ ಅಂದೆವು. ನಾವೇನೂ ಬಿಲ್ಲುಗಾರರಲ್ಲ, ಚಿಕ್ಕಂದಿನಲ್ಲಿ ಕ್ಯಾಟರ್‌ಬಿಲ್ಲು ಹಿಡಿದು ಮಾವಿನಕಾಯಿ ಬೀಳಿಸಿದ್ದೇ ನಮ್ಮ ಸಾಹಸ. ಆದರೆ ಬಿಲ್ಲು ತಿಳಿದವರ ಜತೆ ಕೂತು ಕೇಳಿದ್ದು ಒಂದಿಷ್ಟಿತ್ತು. ಆ ಕಚ್ಚಿನಲ್ಲಿ ಹಿಂದೆ ಇದ್ದದ್ದು ಬಹುಶಃ ಹಕ್ಕಿಯ ಗರಿ. ಆ ಕಾಲದ ಎಷ್ಟೋ ಬಿಲ್ಲುಗಳಲ್ಲಿ ಬಾಣಕ್ಕೆ ಆಸನ ಅಂತ ಅಂಟಿಸುತ್ತಿದ್ದದ್ದು ಅದನ್ನೇ.

ಗರಿಯಂಥ ಮೆತ್ತನೆ ವಸ್ತು ಬಾಣ ಹೊರುತ್ತದೆಯೇ ಅಂತ ಯಾರಿಗಾದರೂ ಅನುಮಾನ ಬರುತ್ತೆ. ನಮ್ಮ ಹಿರಿಯರ ಬಿದಿರು ಬಿಲ್ಲಿಗೆ ಆಸನ ಅಂತ ಏನೂ ಇರುತ್ತಿರಲಿಲ್ಲ. ಗೌರಿಬಿದನೂರು ಕಡೆಗಾಗಲಿ ಚಿಂತಾಮಣಿ ಕಡೆಗಾಗಲಿ ಬಸ್ಸಿನಲ್ಲಿ ಓಡಾಡುವವರು ಕೆರೆ ಏರಿಯ ಹತ್ತಿರ, ಊರಾಚೆ ನಿಂತ ವೀರಗಲ್ಲುಗಳನ್ನು ನೋಡಿಯೇ ಇರುತ್ತೀರಿ. ಕೋಲಾರ ಸೀಮೆಯ ವೀರಗಲ್ಲುಗಳಲ್ಲಿ ಬಿಲ್ಲು ಹಿಡಿದ ವೀರರು ಬೇಕಾದಷ್ಟು. ಅಂಥ ಬಿಲ್ಲಿನಲ್ಲಿ ಬಾಣ ಕೂರುವುದು ಬಿಲ್ಲು ಹಿಡಿದವನ ಮುಷ್ಟಿಯ ಮೇಲೆ. ಕೈಗೇನು, ಮೆತ್ತಗಿರುತ್ತೆ, ಬಾಣ ಹಾಯುವಾಗ ಚೂರು ಬಗ್ಗಿ ದಾರಿ ಬಿಡುತ್ತೆ. ತೊಂದರೆ ಅಂದರೆ ಬಾಣದ ಬುಡದ ಗರಿ ಹಾಯುವಾಗ ಅದರ ದಂಟಿನ ತುದಿ ಬೆರಳ ಗೆಣ್ಣು ಸೀಳುತ್ತೆ. ಅದಕ್ಕೇ ಬಟ್ಟೆಯೋ ಚರ್ಮವೋ ಸುತ್ತಿಕೊಳ್ಳೋದು. ಮುಂದೆ ಹಿಡಿಯ ಮೇಲೆ ಕಚ್ಚು ಕೊರೆದ ಬಿಲ್ಲುಗಳು ಬಂದಮೇಲೆ ಮುಷ್ಟಿಯ ಕೆಲಸವನ್ನು ಗರಿಗೆ ವಹಿಸಿದರು.

ಇಲ್ಲಿ ಒಂದು ಸ್ವಾರಸ್ಯವಿದೆ. ಹೆದೆ ಬಿಟ್ಟ ಕೂಡಲೇ ಬಾಣ ಸೀದಾ ಹೋಗುತ್ತೆ ಅಂತ ನಾವು ತಿಳಿದಿರುತ್ತೇವೆ. ಹೋಗೋದಿಲ್ಲ. ಹಿಂದಿನಿಂದ ಹೆದೆ ತಳ್ಳುವ ರಭಸಕ್ಕೆ ಬಾಣ ಹಾವಿನಂತೆ ಬಳುಕಿ, ಬಿಲ್ಲಿನ ಮೈಯನ್ನು ಬಳಸಿಕೊಂಡು ಹೋಗಿ, ಆಮೇಲೆ ನೆಟ್ಟಗಾಗುತ್ತದೆ. ಅಮೆರಿಕದ ಕ್ಲಾರೆನ್ಸ್ ಹಿಕ್‌ಮನ್ ಎಂಬ ವಿಜ್ಞಾನಿ 1930ರ ದಶಕದಲ್ಲಿ ಅತಿವೇಗದ ಕ್ಯಾಮೆರಾ ಇಟ್ಟು ಇದನ್ನು ಚಿತ್ರ ತೆಗೆದು ತೋರಿಸಿದ. ಹೀಗೆ ಬಳುಕುವ ಬಾಣದ ಹಿಂದುಗಡೆ ಮೂರು ಗರಿ ಬೇರೆ ಇರುತ್ತವೆ. ಅವು ಗಟ್ಟಿ ತಂತಿಗೋ ಮೊಳೆಗೋ ಬಡಿದರೆ ಬಾಣದ ಬಾಲ ಒದೆಸಿಕೊಂಡು ಮೂತಿ ಇನ್ನೊಂದು ಕಡೆ ತಿರುಗುತ್ತದೆ. ಚಿಂತಾಮಣಿಯ ಡ್ರಮ್ಮು ತೂತಾದದ್ದು ಹಾಗೆ. ಸಾಲದ್ದಕ್ಕೆ ಹುಡುಗ ತರಿಸಿದ ಬಾಣಕ್ಕಿದ್ದದ್ದು ಪ್ಲಾಸ್ಟಿಕ್ ಗರಿ. ಅದು ಹಕ್ಕಿ ಗರಿಯಂತೆ ಮಡಿಸಿಕೊಳ್ಳುವುದಿಲ್ಲ, ಬಡಿದರೆ ಬಡಿದದ್ದೇ. ಗರಿಯ ಆಸನ ಇದ್ದರೆ ಬಸ್ಸಿನ ಬಾಗಿಲಲ್ಲಿ ನಿಂತವನು ಇಳಿಯುವವರಿಗೆ ಪಕ್ಕಕ್ಕೆ ವಾಲಿ ಜಾಗ ಬಿಟ್ಟಂತೆ ಬಿಡುತ್ತದೆ, ಬಾಣ ಹೋದಮೇಲೆ ಮತ್ತೆ ತನ್ನ ಜಾಗಕ್ಕೆ ನಿಂತುಕೊಳ್ಳುತ್ತದೆ.

ಸರಿ, ಗರಿ ಎಲ್ಲಿಂದ ತರೋದು? ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಕೋಳಿ ಫಾರಂಗಳಿಗೇನು ಬರವೇ ಅಂತ ಯಜಮಾನರು ಒಂದು ಕವರಿನ ತುಂಬ ಬಿಳೀ ಗರಿ ತರಿಸಿಬಿಟ್ಟರು. ಅದು ನಡೆಯಲಿಲ್ಲ. ಫಾರಂ ಕೋಳಿಯನ್ನು ಒಂದೂವರೆ ತಿಂಗಳಿಗೇ ಕೊಯ್ಯುತ್ತಾರೆ, ಗರಿ ಇನ್ನೂ ಎಳಸು. ಬಲಿತ ನಾಟಿ ಹುಂಜದ ರೆಕ್ಕೆಯ ಗರಿ ಬೇಕು, ಟರ್ಕಿ ಕೋಳಿಯದ್ದು ಸಿಕ್ಕರೆ ಇನ್ನೂ ಒಳ್ಳೇದು. ನವಿಲುಗರಿ ಆಗಲ್ವಾ ಅಂತ ಹುಡುಗ ಕೇಳಿದ. ಕಣ್ಣಿನ ಗರಿಯ ಎಳೆಗಳು ಒಂದಕ್ಕೊಂದು ಅಂಟದೆ ಜೋಲುತ್ತವೆ, ಬಾಣ ಹೊರುವ ತ್ರಾಣ ಅವಕ್ಕಿಲ್ಲ. ಇನ್ನು ಹಕ್ಕಿ ಹಿಡಿದು ರೆಕ್ಕೆಯ ಗರಿ ಕೀಳುತ್ತೇನೆ ಅಂದರೆ, ನವಿಲು 1963ರಿಂದ ರಾಷ್ಟ್ರಪಕ್ಷಿ, 1972ರ ವನ್ಯಜೀವಿ ಕಾಯಿದೆ ಬೆನ್ನಿಗಿದೆ, ಜೈಲೇ ಗತಿ. ಅದೇ ಕಾಯಿದೆ ಬಿಲ್ಲಿನ ಬೇಟೆಗೂ ಅನ್ವಯಿಸುತ್ತದೆ ಅನ್ನೋದನ್ನು ಹುಡುಗರು ತಿಳಿದಿರಲಿ. ನಂದಿಬೆಟ್ಟದ ತಪ್ಪಲು ಇವರ ಪ್ರಯೋಗಶಾಲೆಯಲ್ಲ.

ಅಂಟಿಸುವ ಕೆಲಸ ಅರ್ಧ ಗಂಟೆಯದ್ದು. ಗರಿಯಲ್ಲಿ ಒಂದಿಂಚಿನ ತುಂಡು ಕತ್ತರಿಸಿ, ದಂಟನ್ನು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ, ಉಪ್ಪುಕಾಗದದಲ್ಲಿ ತಿಕ್ಕಿ ಚಪ್ಪಟೆ ಮಾಡಿದೆವು. ಅಂಥ ಎರಡು ಮೂರು ತುಂಡನ್ನು ಒಂದರ ಮೇಲೊಂದು ಸಣ್ಣ ಚರ್ಮದ ಚೂರಿಗೆ ಮೆತ್ತಿ, ಆ ಚರ್ಮವನ್ನು ಕಚ್ಚಿನ ಗೋಡೆಗೆ ಅಂಟಿಸಿದೆವು. ಎಳೆಗಳು ಬಾಣ ಹೋಗುವ ದಿಕ್ಕಿಗೇ ವಾಲಿರಬೇಕು, ತಿರುಗುಮುರುಗಾದರೆ ಗರಿಗೆ ಗರಿ ಸಿಕ್ಕಿಕೊಳ್ಳುತ್ತದೆ. ಅಂಟಿಗೆ ಸೈಕಲ್ ಶಾಪಿನ ಪಂಕ್ಚರ್ ಸೊಲ್ಯೂಷನ್ನೇ ಸಾಕಾಯಿತು. ಕ್ಷಣದಲ್ಲಿ ಕಚ್ಚುವ ಗಟ್ಟಿ ಅಂಟು ಹಾಕಿದರೆ ಮುಂದೆ ಗರಿ ಬದಲಿಸುವಾಗ ಹಳೇ ವಾರ್ನಿಷೂ ಕಿತ್ತು ಬರುತ್ತದೆ. ಯಾವ ಅಂಟೇ ಆಗಲಿ ಕಾಣದ ಜಾಗದಲ್ಲಿ ಚೂರು ಹಚ್ಚಿ ನೋಡಿಕೊಂಡು ಮುಂದುವರಿಯೋದು ಕ್ಷೇಮ.

ಮೊಳೆ ಬೇಡ ಅಂದದ್ದಕ್ಕೆ ಇನ್ನೂ ಒಂದು ಕಾರಣ ಉಂಟು. ಆ ಬಿಲ್ಲಿನ ಮೇಲೆ 45 ಪೌಂಡು ಅಂತ ಬರೆದಿದೆ. ಪೂರ್ತಿ ಎಳೆದಾಗ ನಮ್ಮ ಲೆಕ್ಕದಲ್ಲಿ ಇಪ್ಪತ್ತು ಕಿಲೋ ಅಕ್ಕಿ ಮೂಟೆಯ ಭಾರ. ಅರುವತ್ತು ವರ್ಷದ ಮರಕ್ಕೆ ಹಿಡಿಯ ಹತ್ತಿರ ತೂತು ಕೊರೆದರೆ ಬಿರುಕು ಅಲ್ಲಿಂದಲೇ ಶುರುವಾಗಬಹುದು. ಬಿಲ್ಲು ಮುರಿಯುವುದು ಮುಖದ ಮುಂದೆ, ಎಳೆದು ನಿಂತಾಗಲೇ. ಆದ್ದರಿಂದ ಅಟ್ಟದಿಂದ ಇಳಿಸಿದ ಬಿಲ್ಲಿನಲ್ಲಿ ಗರಿಗೂ ಮೊದಲು ನೋಡಬೇಕಾದದ್ದು ಕೂದಲೆಳೆಯ ಬಿರುಕು, ಪಟ್ಟಿಯ ಅಂಟು ಬಿಟ್ಟ ಜಾಗ. ಬಾಣವಿಲ್ಲದೆ ಬರೀ ಹೆದೆ ಎಳೆದು ಬಿಡಲೇಬಾರದು. ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಬಿಲ್ಲಿಗೇ ಬಡಿಯುತ್ತದೆ.

ಹೆದೆಯೂ ಅಷ್ಟೆ. ಈಗಿನ ಹಿಗ್ಗದ ದಾರದ ಹೆದೆ ಹಳೇ ಬಿಲ್ಲಿನ ತುದಿಗೆ ಏಟು ಕೊಡುತ್ತೆ, ಸ್ವಲ್ಪ ಹಿಗ್ಗುವ ಪಾಲಿಯೆಸ್ಟರ್ ದಾರದ್ದೇ ಲೇಸು. ಹಿಂದೆ ಮೊಗಲರ, ತುರ್ಕರ ಬಿಲ್ಲಿಗೆ ರೇಷ್ಮೆ ಹುರಿಯ ಹೆದೆ ಇರುತ್ತಿತ್ತಂತೆ ಅಂತ ನಾವಂದದ್ದಕ್ಕೆ, ಅಲ್ಲೇ ಕೂತಿದ್ದ ಶಿಡ್ಲಘಟ್ಟದ ಬೀಗರು "ಹಾಗಾದ್ರೆ ಗೂಡಿನ ರೇಟು ಬಿದ್ದಾಗ ನಮಗೊಂದು ಯುದ್ಧ ಬೇಕು" ಅಂದರು!

ಒಂದು ಮಾತು ಕಡ್ಡಾಯ. ಮನೆಯಲ್ಲಿ ತಾತನ ಕಾಲದ ಬಿದಿರು ಬಿಲ್ಲಿದ್ದವರು ಇದನ್ನು ಓದಿ ಅದಕ್ಕೆ ಗರಿ ಮೆತ್ತಲು ಹೋಗಬೇಡಿ. ಅದಕ್ಕೆ ನಿಮ್ಮ ಮುಷ್ಟಿಯೇ ಆಸನ. ಕಚ್ಚು ಇರುವ ಬಿಲ್ಲಿಗೆ ಮಾತ್ರ ಈ ಉಪಾಯ.

ಹುಡುಗ ಹಕ್ಕಿ ಗರಿಯ ಬಾಣ ತರಿಸಿದ. ಈ ಸಲ ಊರಾಚೆ ಹೊಲದಲ್ಲಿ, ಮಣ್ಣು ದಿಬ್ಬದ ಮುಂದೆ ಪೆಂಡಿ ಇಟ್ಟು, ಹಿಂದೆ ಮುಂದೆ ಯಾರೂ ಇಲ್ಲದ್ದು ನೋಡಿ ಬಿಟ್ಟ. ಆರು ಬಾಣದಲ್ಲಿ ಐದು ಪೆಂಡಿಯೊಳಗೆ. ಆರನೆಯದು ಮೇಲೆ ಹಾರಿ ದಿಬ್ಬಕ್ಕೆ ಚುಚ್ಚಿತು, ಅದು ಅವನ ಕೈಯ ತಪ್ಪು. ಯಜಮಾನರು ಪಕ್ಕದ ಮನೆಗೆ ಹೊಸ ಡ್ರಮ್ಮು ಕೊಡಿಸಿದರು.

ಆಯುಧಪೂಜೆಯ ದಿನ ಮತ್ತೆ ಆ ಮನೆಗೆ ಹೋಗಿದ್ದೆವು. ಅಜ್ಜಿ ಬಿಲ್ಲಿಗೆ ನೀರು ಚಿಮುಕಿಸಿ, ಅರಿಶಿನ ಕುಂಕುಮವನ್ನು ಗರಿಗೂ ಸೇರಿಸಿ ಧಾರಾಳವಾಗಿ ಮೆತ್ತಿದ್ದರು. ಗರಿ ನೆನೆದು ಮುದ್ದೆಯಾಗಿತ್ತು. ಯಜಮಾನರು ನಮ್ಮ ಮುಖ ನೋಡಿದರು, ಆಮೇಲೆ ಅಂಗಡಿ ಹುಡುಗನನ್ನು ಕೂಗಿ, ಸಂತೆಯಲ್ಲಿ ಹುಂಜ ಕೊಯ್ಯುವವನ ಹತ್ತಿರ ನಾಲ್ಕು ರೆಕ್ಕೆ ಗರಿ ತೆಗೆದಿಡಲು ಹೇಳಿ ಬಾ ಅಂದರು.