ವುಡಿನ್‌ವಿಲ್ಲಿನ ಅಂಗಳದಲ್ಲಿ ಡೇರೆ

ಸಿಯಾಟಲ್ ಎಂದೊಡನೆ ಎಲ್ಲರೂ ಮಳೆಯೆನ್ನುತ್ತಾರೆ. ಆ ನಗರದಿಂದ ಈಶಾನ್ಯಕ್ಕೆ ಸುಮಾರು 20 ಮೈಲಿ ದೂರದ ವುಡಿನ್‌ವಿಲ್ಲಿನಲ್ಲಿ ನೆಲೆಸಿರುವ ನಾನು ಆಗಸ್ಟ್ ತಿಂಗಳಿನಲ್ಲಿ, "ಗಿಡಗಳಿಗೆ ನೀರು ಹೊಯ್ದು ಹೊಯ್ದು ಕೈ ಸೋತಿತು" ಎಂದು ದೂರವಾಣಿಯಲ್ಲಿ ಹೇಳಿದರೆ ಸಾಗರದ ಅತ್ತಿಗೆ ನಗುತ್ತಾರೆ. ನಂಬುವುದು ಕಷ್ಟವೇ. ವರ್ಷಕ್ಕೆ 40 ಅಂಗುಲದ ಆಸುಪಾಸು ಮಳೆ ಬೀಳುವ ಈ ಸೀಮೆಯಲ್ಲಿ ಜುಲೈ, ಆಗಸ್ಟ್ ಎರಡೂ ಸೇರಿ 2 ಅಂಗುಲ ಬೀಳುವುದು ಅಪರೂಪ. ಆಗುಂಬೆಯಲ್ಲಿ ಆಕಾಶವೇ ಕಳಚಿ ಬೀಳುವ ಆ ದಿನಗಳಲ್ಲಿ ನಮ್ಮ ಅಂಗಳದ ಹುಲ್ಲು ಒಣಗಿ ಗರಿಗರಿಯಾಗಿರುತ್ತದೆ. ಆ ಒಣಗಿದ ಹುಲ್ಲಿನ ನಡುವೆ ತಲೆಯೆತ್ತಿ ನಿಲ್ಲುವುದು ಡೇರೆ.

ಮಲೆನಾಡಿನವರಿಗೆ ಡೇರೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಬಯಲುಸೀಮೆಯ ಓದುಗರಿಗಾಗಿ ಹೇಳುವುದಾದರೆ, ಅದು ಡೇಲಿಯಾ. ಮೆಕ್ಸಿಕೋದ ಬೆಟ್ಟಗಳಲ್ಲಿ ಹುಟ್ಟಿದ ಈ ಗಿಡ 1789ರಲ್ಲಿ ಸ್ಪೇನಿನ ಮ್ಯಾಡ್ರಿಡ್ ತೋಟವನ್ನು ಸೇರಿತು. ಎರಡು ವರ್ಷಗಳ ಅನಂತರ ಆಂಡರ್ಸ್ ಡಾಲ್ ಎಂಬ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞನ ಹೆಸರನ್ನು ಅದಕ್ಕೆ ಇಡಲಾಯಿತು. ಆ ವಿದ್ವಾಂಸನ ಹೆಸರು ನಮ್ಮ ಹೆಂಗಸರ ನಾಲಿಗೆಯ ಮೇಲೆ ಹೊರಳಿ ಡೇರೆಯಾಯಿತು. ಸಿಯಾಟಲ್ ನಗರವೂ 1913ರಲ್ಲಿ ಇದನ್ನೇ ತನ್ನ ಹೂವೆಂದು ಆರಿಸಿಕೊಂಡಿತೆಂದು ತಿಳಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ನೆಂಟರ ಮನೆಯಲ್ಲಿ ನಮ್ಮೂರಿನವರು ಸಿಕ್ಕಿದಂತಾಯಿತು.

ಡೇರೆಯ ಗುಟ್ಟಿರುವುದು ಗೆಡ್ಡೆಯಲ್ಲಿ. ಬೀಜದಿಂದ ಹುಟ್ಟಿದ ಗಿಡ ತಾಯಿಯನ್ನು ಹೋಲುವುದಿಲ್ಲ. ಕೆಂಪಿನ ಬೀಜ ಹಳದಿಯಾದೀತು, ಒತ್ತೆಸಳಿನದು ಒಂಟಿಯೆಸಳಾದೀತು. ಗೆಡ್ಡೆಯಿಂದ ಬಂದದ್ದು ಮಾತ್ರ ಅದೇ ಗಿಡ, ಅದೇ ಜೀವ. ಅದಕ್ಕಾಗಿಯೇ ನಮ್ಮ ಕಡೆ ಹೆಂಗಸರು ಮದುವೆಮುಂಜಿಗಳಿಗೆ ಹೋದಾಗಲೂ ಹಿತ್ತಿಲಿಗೆ ಒಂದು ಸುತ್ತು ಹಾಕಿ, ತಮ್ಮಲ್ಲಿಲ್ಲದ ಬಣ್ಣದ ಗೆಡ್ಡೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಾರೆ. ನಮ್ಮ ಅಮ್ಮನ ಕಡುಗೆಂಪು ಡೇರೆ ಹಾಗೆ ಅವಳ ತವರಿನಿಂದ ಬಂದದ್ದು.

1998ರಲ್ಲಿ ನಾನು ಈ ದೇಶಕ್ಕೆ ಹೊರಟಾಗ ಅಮ್ಮ ಅದರದೊಂದು ಗೆಡ್ಡೆಯನ್ನು ಬೂದಿಯಲ್ಲಿ ಹೊರಳಿಸಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಕೊಟ್ಟಳು. ಮಣ್ಣಂಟಿದ ಗೆಡ್ಡೆಯನ್ನು ಇಲ್ಲಿನ ಸುಂಕದವರು ಒಳಗೆ ಬಿಡುವುದಿಲ್ಲವೆಂದು ಯಜಮಾನರು ಎಚ್ಚರಿಸಿದ್ದರು. ಅದನ್ನು ಅಮ್ಮನಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಹೊರಡುವ ರಾತ್ರಿ ಗೆಡ್ಡೆಯನ್ನು ಗುಟ್ಟಾಗಿ ಅತ್ತಿಗೆಯ ಕೈಗಿತ್ತು ಬಂದೆ. ಮರುವರ್ಷದ ವಸಂತದಲ್ಲಿ ವುಡಿನ್‌ವಿಲ್ಲಿನ ಮೋಲ್ಬಾಕ್ಸ್ ಸಸ್ಯಾಗಾರಕ್ಕೆ ಹೋಗಿ, ಚೀಲದ ಮೇಲಿನ ಚಿತ್ರ ನೋಡಿ ಅಮ್ಮನದರಂತೆಯೇ ಕಾಣುವ ಕಡುಗೆಂಪಿನ ಗೆಡ್ಡೆಯೊಂದನ್ನು ಕೊಂಡುತಂದೆ. "ಹೂ ಬಿಟ್ಟಿತೇನೇ?" ಎಂದು ಅಮ್ಮ ಪ್ರತಿ ಮಳೆಗಾಲದಲ್ಲಿಯೂ ಕೇಳುತ್ತಿದ್ದಳು. "ಬಿಟ್ಟಿತಮ್ಮಾ" ಎನ್ನುತ್ತಿದ್ದೆ. ಮಾತೇನೋ ಸುಳ್ಳಲ್ಲ.

ಆಗಸ್ಟ್ ಕೊನೆಯಿಂದ ನನಗೆ ಬಿಡುವಿಲ್ಲದ ಕೆಲಸ. ಬಾಡಿದ ಹೂವನ್ನು ಅಂದಂದೇ ಕೊಯ್ದುಹಾಕಬೇಕು, ಇಲ್ಲವಾದರೆ ಗಿಡ ಬೀಜ ಕಟ್ಟುವುದರಲ್ಲಿ ತೊಡಗಿ ಹೊಸ ಮೊಗ್ಗನ್ನು ಮರೆಯುತ್ತದೆ. ಮೊದಮೊದಲು ನಾನು ಬಾಡಿದುದೆಂದು ಮೊಗ್ಗನ್ನೇ ಚಿವುಟಿ ಮರುಗಿದ್ದುಂಟು. ಮೊಗ್ಗು ಗುಂಡಗಿರುತ್ತದೆ, ಎಸಳುದುರಿದ ಹೂವಿನ ತಲೆ ಚೂಪಾಗಿರುತ್ತದೆ. ಈ ವ್ಯತ್ಯಾಸ ಕಣ್ಣಿಗೆ ಹತ್ತಲು ಎರಡು ವರ್ಷ ಬೇಕಾಯಿತು. ಸೆಪ್ಟೆಂಬರಿನ ತಂಪಿಗೆ ಎಲೆಗಳ ಮೇಲೆ ಬೂದಿರೋಗ ಕಾಣಿಸುತ್ತದೆ. ಕೆಳಗಿನ ಎಲೆಗಳನ್ನು ತೆಗೆದು ಗಾಳಿಯಾಡಲು ಬಿಡುತ್ತೇನೆ. ರಾತ್ರಿಯ ಚಳಿ ಹೆಚ್ಚುತ್ತಿದ್ದಂತೆ ಮಲ್ಲಿಗೆಯ ಕುಂಡಗಳು ಮನೆಯೊಳಗೆ ಬರುತ್ತವೆ. ಚೆಂಡುಹೂ ದಸರೆಗೆ ಒದಗುತ್ತದೆ. ದೀಪಾವಳಿಯವರೆಗೆ ಉಳಿದರೆ ಅದು ನಮ್ಮ ಪುಣ್ಯ.

ಇಷ್ಟರಲ್ಲಿ ಹಗಲು ಕುಗ್ಗುತ್ತಿರುತ್ತದೆ. ಜೂನಿನಲ್ಲಿ 16 ಗಂಟೆಯಿದ್ದ ಹಗಲು ಸೆಪ್ಟೆಂಬರ್ ಕೊನೆಗೆ 12ಕ್ಕೆ ಇಳಿಯುತ್ತದೆ. ಸಾಗರದಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಎರಡು ಗಂಟೆಯ ಅಂತರವೂ ಇಲ್ಲ. ಇಲ್ಲಿ ಮಾತ್ರ ಸಂಜೆಯ ಕಾಫಿ ಮುಗಿಯುವುದರೊಳಗೆ ಕತ್ತಲು. ಮೊದಲ ವರ್ಷಗಳಲ್ಲಿ ಈ ಕತ್ತಲು ನನ್ನನ್ನು ಬಹಳ ಕುಗ್ಗಿಸುತ್ತಿತ್ತು. ಆದರೆ ಡೇರೆ ಗೆಡ್ಡೆಯನ್ನು ತುಂಬಿಕೊಳ್ಳುವುದು ಹಗಲು ಕಿರಿದಾದಾಗಲೇ. ಮೇಲೆ ಹೂ ಕಡಿಮೆಯಾಗುತ್ತಿರುವ ಹೊತ್ತಿನಲ್ಲಿಯೇ ಕೆಳಗೆ ಬರುವ ವರ್ಷದ ಬುತ್ತಿ ಸಿದ್ಧವಾಗುತ್ತಿರುತ್ತದೆ.

ಅಕ್ಟೋಬರ್ ಕೊನೆಗೋ ನವೆಂಬರಿನಲ್ಲೋ ಒಂದು ಬೆಳಗ್ಗೆ ಇಬ್ಬನಿ ಹೆಪ್ಪುಗಟ್ಟಿ, ಹಿಂದಿನ ಸಂಜೆ ನಗುತ್ತಿದ್ದ ಗಿಡ ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತುಬಿದ್ದಿರುತ್ತದೆ. ಆಗ ಅವಸರಪಡಬಾರದು. ವಾರದ ಮಟ್ಟಿಗೆ ಬಿಟ್ಟರೆ ದಂಟು ಗೆಡ್ಡೆಗೆ ಸೇರುವಲ್ಲಿ ಕಣ್ಣುಗಳು ಉಬ್ಬಿ ಕಾಣುತ್ತವೆ. ದಂಟನ್ನು ಗೇಣುದ್ದ ಉಳಿಸಿ ಕತ್ತರಿಸಿ, ಬುಡದಿಂದ ಒಂದಡಿ ದೂರದಲ್ಲಿ ಸುತ್ತಲೂ ಅಗೆದು, ಗೊಂಚಲನ್ನು ಮಗುವನ್ನೆತ್ತುವಂತೆ ಎತ್ತಬೇಕು. ಕುತ್ತಿಗೆ ಮುರಿದ ಗೆಡ್ಡೆ ಚಿಗುರದು. ತೊಳೆದು, ನೆರಳಲ್ಲಿ ಆರಿಸಿ, ಒಂದೊಂದು ತುಂಡಿಗೂ ಒಂದು ಕಣ್ಣಾದರೂ ಇರುವಂತೆ ಕತ್ತರಿಸಿ, ಮರದ ಹೊಟ್ಟು ತುಂಬಿದ ಪೆಟ್ಟಿಗೆಯಲ್ಲಿಟ್ಟರೆ ಗರಾಜಿನ ತಂಪಿನಲ್ಲಿ ಏಪ್ರಿಲ್‌ವರೆಗೆ ನಿದ್ರಿಸುತ್ತವೆ. ಕೆಲವರು ನೆಲದಲ್ಲಿಯೇ ಬಿಟ್ಟು ಮೇಲೆ ಎಲೆ ಹೊದಿಸುತ್ತಾರೆ. ನಮ್ಮದು ನೀರು ನಿಲ್ಲುವ ಜೇಡಿಮಣ್ಣು. ನನಗೆ ಆ ಧೈರ್ಯವಿಲ್ಲ.

2021ರ ಶರತ್ಕಾಲದಲ್ಲಿ ಮಾತ್ರ ಅಗೆಯಲಾಗಲಿಲ್ಲ. ಅಮ್ಮ ಹಾಸಿಗೆ ಹಿಡಿದಿದ್ದಾಳೆಂದು ತಿಳಿದು ಅಕ್ಟೋಬರಿನಲ್ಲಿ ಸಾಗರಕ್ಕೆ ಧಾವಿಸಿದೆ. ಒಂದು ಮಧ್ಯಾಹ್ನ ಅವಳು ತುಸು ಗೆಲುವಾಗಿದ್ದಾಗ ನಮ್ಮ ಅಂಗಳದ ಡೇರೆಯ ಭಾವಚಿತ್ರಗಳನ್ನು ತೋರಿಸಿದೆ. ಬಹಳ ಹೊತ್ತು ನೋಡಿದಳು. "ಚೆಂದ ಇದೆ. ಆದರೆ ಇದು ನಮ್ಮನೆಯದಲ್ಲ. ನಮ್ಮದರ ಎಸಳಿನ ತುದಿ ಹಿಂದಕ್ಕೆ ಮಡಿಚುತ್ತದೆ" ಎಂದಳು. ನನಗೆ ಮಾತು ಹೊರಡಲಿಲ್ಲ. "ಇರಲಿ. ಆ ಗೆಡ್ಡೆ ಯಾರಿಗೆ ಕೊಟ್ಟೆ?" ಎಂದು ಕೇಳಿದಳು. ಅತ್ತಿಗೆಗೆ ಎಂದೆ. "ಒಳ್ಳೆಯದಾಯಿತು" ಎಂದು ಕಣ್ಣು ಮುಚ್ಚಿಕೊಂಡಳು. ಹಿತ್ತಿಲಿನಲ್ಲಿ ಆ ವರ್ಷದ ಕೊನೆಯ ಎರಡು ಹೂಗಳಿದ್ದವು. ಅತ್ತಿಗೆ ಒಂದನ್ನು ತಂದು ಅವಳ ತಲೆದಿಂಬಿನ ಬಳಿಯಿಟ್ಟರು. ನವೆಂಬರಿನಲ್ಲಿ ಅಮ್ಮ ತೀರಿಕೊಂಡಳು.

ಆ ಡಿಸೆಂಬರಿನ ಕೊನೆಯ ವಾರ ಸಿಯಾಟಲ್ ಸೀಮೆಯಲ್ಲಿ ಕಡುಚಳಿ. ಜನವರಿಯಲ್ಲಿ ಹಿಂದಿರುಗಿ ಅಗೆದು ನೋಡಿದರೆ ಗೆಡ್ಡೆಗಳೆಲ್ಲ ಕೊಳೆತು ಲೋಳೆಯಾಗಿದ್ದವು. 22 ವರ್ಷ ಕಾಪಾಡಿದ್ದು ಹೋಯಿತೆಂದು ಮಣ್ಣಿನ ಮುಂದೆ ಕುಳಿತು ಅತ್ತೆ. ಅತ್ತದ್ದು ಗೆಡ್ಡೆಗಾಗಿಯೇ ಎಂದು ಹೇಳಲಾರೆ. ಏಪ್ರಿಲಿನಲ್ಲಿ ಎದುರುಮನೆಯ ವೃದ್ಧೆ ಕಾಗದದ ಚೀಲವೊಂದನ್ನು ಹಿಡಿದು ಬಂದರು. ಎಂದೋ ನಾನೇ ಕೊಟ್ಟು ಮರೆತಿದ್ದ ಕೆಂಪು ಡೇರೆಯ ಮೂರು ಗೆಡ್ಡೆಗಳು ಅದರಲ್ಲಿದ್ದವು, ಕಣ್ಣು ಚಿಗುರಿದ್ದವು.

ಡೆನ್ಮಾರ್ಕ್ ಮೂಲದ ಎಗಾನ್ ಮೋಲ್ಬಾಕ್ ದಂಪತಿ 1956ರಲ್ಲಿ ಆರಂಭಿಸಿದ್ದ ಆ ಸಸ್ಯಾಗಾರ 2024ರ ಜನವರಿಯಲ್ಲಿ ಬಾಗಿಲು ಮುಚ್ಚಿತು. ಅಲ್ಲಿಂದ ತಂದ ಗೆಡ್ಡೆಯ ಸಂತತಿ ಈಗ ನಮ್ಮ ಬೀದಿಯ ನಾಲ್ಕು ಮನೆಗಳಲ್ಲಿದೆ. ಕಳೆದ ಶರತ್ಕಾಲದಲ್ಲಿ ನನಗೆ ಹನ್ನೊಂದು ತುಂಡುಗಳು ದೊರೆತವು. ಎರಡನ್ನು ಪೋರ್ಟ್‌ಲ್ಯಾಂಡಿನ ಮಗಳಿಗೆಂದು ಬೇರೆಯಿಟ್ಟೆ. ತನಗಿರುವುದು ಅಂಗೈಯಗಲದ ಬಾಲ್ಕನಿ, ಬೇಡವೇ ಬೇಡ ಎಂದಳು. ಕುಂಡ ದೊಡ್ಡದಿರಲಿ, ಬಿಸಿಲು ಬೀಳುವ ಕಡೆ ಇಡು ಎಂದು ಬರೆದು, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಅಂಚೆಗೆ ಹಾಕಿದೆ.