ಹಳೆಯ ಆಟದ ಹಳೆಯ ನಂಬಿಕೆಗಳು

ತೊಂಬತ್ತರ ದಶಕದಲ್ಲಿ ಬಂದ ಕಂಪ್ಯೂಟರ್ ಆಟವೊಂದರ ಸಿ.ಡಿ.ಯನ್ನು ಇಂದಿನ ಕಂಪ್ಯೂಟರಿಗೆ ಹಾಕಿ ಸೆಟಪ್ ಫೈಲಿನ ಮೇಲೆ ಕ್ಲಿಕ್ ಮಾಡಿದರೆ, ಎಷ್ಟೋ ಸಲ ಆಟ ಶುರುವಾಗುವ ಮಾತಿರಲಿ, ಇನ್‌ಸ್ಟಾಲ್ ಕೂಡ ಆಗುವುದಿಲ್ಲ. ಹೇಗೋ ಇನ್‌ಸ್ಟಾಲ್ ಆದರೂ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತದೆ. ಅದನ್ನೂ ದಾಟಿದರೆ ಬಣ್ಣಗಳು ಅದಲುಬದಲಾಗುತ್ತವೆ, ಇಲ್ಲವೇ ಆಟ ರಂಗೇರುವ ಹೊತ್ತಿಗೆ ಪರದೆ ಸ್ತಬ್ಧವಾಗುತ್ತದೆ. ಇದಕ್ಕೆಲ್ಲ ‘ಆಟ ಹಳೆಯದಾಯಿತು’ ಎಂಬ ಒಂದೇ ಕಾರಣ ಹೇಳಿ ಕೈಬಿಡುವವರೇ ಹೆಚ್ಚು. ಆದರೆ ಆ ಕಾರಣ ಏನನ್ನೂ ವಿವರಿಸುವುದಿಲ್ಲ. ಯಂತ್ರದ ಬೇರಿಂಗ್ ಸವೆಯುತ್ತದೆ, ರಬ್ಬರ್ ಬಿರಿಯುತ್ತದೆ. ಗೀರು ಬೀಳದ ಸಿ.ಡಿ.ಯಲ್ಲಿರುವ ಪ್ರೋಗ್ರಾಂ ಮಾತ್ರ 1998ರಲ್ಲಿ ಹೇಗಿತ್ತೋ ಇಂದೂ ಒಂದು ಬಿಟ್ ಆಚೀಚೆಯಾಗದೆ ಹಾಗೇ ಇದೆ. ಸವೆಯದ ವಸ್ತು ಕೆಲಸ ನಿಲ್ಲಿಸಿದೆ ಎಂದರೆ ಕಾರಣವನ್ನು ಅದರ ವಯಸ್ಸಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ತನ್ನನ್ನು ನಡೆಸುವ ಯಂತ್ರದ ಬಗ್ಗೆ ಅದು ಇಟ್ಟುಕೊಂಡ ನಂಬಿಕೆಗಳಲ್ಲಿ ಹುಡುಕಬೇಕು. ಈ ನಂಬಿಕೆಗಳಲ್ಲಿ ಹೆಚ್ಚಿನವಕ್ಕೆ ಯಾರೂ ಮಾತು ಕೊಟ್ಟಿರಲಿಲ್ಲ. ಅಂದಿನ ಯಂತ್ರ ಹಾಗೆ ನಡೆದುಕೊಳ್ಳುತ್ತಿತ್ತು, ಮುಂದೆಯೂ ನಡೆದುಕೊಳ್ಳುತ್ತದೆ ಎಂದು ಬರೆದವರು ಎಣಿಸಿದರು, ಅಷ್ಟೆ. ಕ್ರ್ಯಾಶ್ ಆಗುವ ಆಟವನ್ನು ಸರಿಪಡಿಸುವುದೆಂದರೆ ಇಂಥ ನಂಬಿಕೆಗಳಲ್ಲಿ ಯಾವುದು ಮುರಿಯಿತು ಎಂದು ಪತ್ತೆಹಚ್ಚುವುದು.

ಇನ್‌ಸ್ಟಾಲ್ ಹಂತದಲ್ಲೇ ಮುಗ್ಗರಿಸುವ ಆಟಗಳಿಂದ ಶುರುಮಾಡೋಣ. 1995ರಲ್ಲಿ ವಿಂಡೋಸ್ 95 ಬಂದಾಗ ಆಟಗಳು 32 ಬಿಟ್‌ಗೆ ಹೊರಳಿದವು, ಆದರೆ ಅವುಗಳ ಎಷ್ಟೋ ಇನ್‌ಸ್ಟಾಲರ್‌ಗಳು 16 ಬಿಟ್‌ನಲ್ಲೇ ಉಳಿದವು. ಇದು ಸೋಮಾರಿತನವಲ್ಲ. ಆಗಿನ್ನೂ ಎಷ್ಟೋ ಮನೆಗಳಲ್ಲಿ ವಿಂಡೋಸ್ 3.1 ಇತ್ತು. ಅಂಥವರು ಸಿ.ಡಿ. ಹಾಕಿದರೆ ‘ಈ ಆಟಕ್ಕೆ ವಿಂಡೋಸ್ 95 ಬೇಕು’ ಎಂದು ತಿಳಿಸಲಾದರೂ ಇನ್‌ಸ್ಟಾಲರ್ ತೆರೆದುಕೊಳ್ಳಬೇಕಿತ್ತು. ಎರಡರಲ್ಲೂ ನಡೆಯುವುದು 16 ಬಿಟ್ ಪ್ರೋಗ್ರಾಂ ಒಂದೇ. ಹಿಂದಿನವರನ್ನು ನೆನೆದು ಮಾಡಿದ ಆ ಏರ್ಪಾಡೇ ಮುಂದಿನವರಿಗೆ ಅಡ್ಡಿಯಾಯಿತು: 64 ಬಿಟ್ ವಿಂಡೋಸ್‌ನಲ್ಲಿ 16 ಬಿಟ್ ಪ್ರೋಗ್ರಾಂ ನಡೆಸುವ ಪದರವನ್ನು ಮೈಕ್ರೋಸಾಫ್ಟ್ ಸೇರಿಸಲೇ ಇಲ್ಲ. 2021ರಲ್ಲಿ ಬಂದ ವಿಂಡೋಸ್ 11ಕ್ಕಂತೂ 32 ಬಿಟ್ ಆವೃತ್ತಿಯೇ ಇಲ್ಲ. ಹೀಗಾಗಿ ಒಳಗಿರುವ ಆಟ ಇಂದಿಗೂ ನಡೆಯಬಲ್ಲದು, ಅದನ್ನು ಹೊರತೆಗೆಯಬೇಕಾದ ಇನ್‌ಸ್ಟಾಲರ್ ಮಾತ್ರ ನಡೆಯದು. ಇದು ಗೊತ್ತಿಲ್ಲದವರು ಆಟವನ್ನೇ ಕಪಾಟಿಗೆ ಹಿಂತಿರುಗಿಸುತ್ತಾರೆ. ಗೊತ್ತಿದ್ದವರು ಫೈಲುಗಳನ್ನು ನೇರವಾಗಿ ನಕಲು ಮಾಡುತ್ತಾರೆ, ಅಥವಾ ಅದೇ ಆಟಕ್ಕೆ ಬೇರೆಯವರು ಬರೆದಿಟ್ಟ ಹೊಸ ಇನ್‌ಸ್ಟಾಲರ್ ಬಳಸುತ್ತಾರೆ. ಕೆಲವು ಪ್ರಸಿದ್ಧ 16 ಬಿಟ್ ಇನ್‌ಸ್ಟಾಲರ್‌ಗಳನ್ನು ವಿಂಡೋಸ್ ತಾನೇ ಗುರುತಿಸಿ, ಅವುಗಳ ಜಾಗದಲ್ಲಿ 32 ಬಿಟ್ ಆವೃತ್ತಿಯನ್ನು ಸದ್ದಿಲ್ಲದೆ ನಡೆಸುವುದೂ ಉಂಟು.

ಇನ್ನು ಕೆಲವು ಇನ್‌ಸ್ಟಾಲರ್‌ಗಳು ತೆರೆದುಕೊಂಡು, ಡಿಸ್ಕಿನಲ್ಲಿ ಜಾಗವಿಲ್ಲ ಎನ್ನುತ್ತವೆ. ಆದರೆ ಡಿಸ್ಕಿನಲ್ಲಿ ನೂರಾರು ಗಿಗಾಬೈಟ್ ಖಾಲಿ ಇರುತ್ತದೆ. ಇವು ಖಾಲಿ ಜಾಗವನ್ನು ಎಣಿಸುವುದು ಋಣಸಂಖ್ಯೆಗೂ ಎಡೆಯಿರುವ 32 ಬಿಟ್ ಲೆಕ್ಕದಲ್ಲಿ. ಅದರಲ್ಲಿ ಅತಿ ದೊಡ್ಡ ಸಂಖ್ಯೆ 2,14,74,83,647; ಬೈಟ್‌ಗಳಲ್ಲಿ ಅದು ಎರಡು ಗಿಗಾಬೈಟ್. ಐದಂಕಿಯ ಓಡೋಮೀಟರ್ 99,999 ದಾಟಿದೊಡನೆ ಸೊನ್ನೆಗೆ ಮರಳುವ ಹಾಗೆ ಈ ಲೆಕ್ಕ ಮಿತಿ ದಾಟಿದರೆ ಋಣಸಂಖ್ಯೆಗೆ ಜಿಗಿಯುತ್ತದೆ. ಜಾಗ ಹೆಚ್ಚಾಗಿರುವುದೇ ಇಲ್ಲಿ ತೊಡಕು. ಎರಡು ಗಿಗಾಬೈಟಿಗಿಂತ ಕಡಿಮೆಯ ಸಣ್ಣ ಪಾರ್ಟಿಷನ್ ತೋರಿಸಿದರೆ ಅದೇ ಇನ್‌ಸ್ಟಾಲರ್ ತೃಪ್ತಿಯಿಂದ ಮುಂದುವರಿಯುತ್ತದೆ. ಇದಕ್ಕಿಂತ ಸೊಗಸಾದ ಉದಾಹರಣೆ ‘ರನ್‌ಟೈಮ್ ಎರರ್ 200’. ಬೋರ್ಲೆಂಡ್ ಕಂಪನಿಯ ಪ್ಯಾಸ್ಕಲ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಅನೇಕ ಡಾಸ್ ಪ್ರೋಗ್ರಾಂಗಳು, 1994ರ ‘ಜಾಝ್ ಜ್ಯಾಕ್‌ರ‍್ಯಾಬಿಟ್’ ಆಟವೂ ಸೇರಿ, ವೇಗದ ಕಂಪ್ಯೂಟರಿನಲ್ಲಿ ಶುರುವಾದ ಕ್ಷಣವೇ ಈ ದೋಷ ತೋರಿಸಿ ನಿಲ್ಲುತ್ತವೆ. ಸೊನ್ನೆಯಿಂದ ಭಾಗಿಸಲಾಗಿದೆ ಎಂದು ಅದರ ಅರ್ಥ. ಅಲ್ಲಿ ಸೊನ್ನೆ ಎಲ್ಲಿಯೂ ಇಲ್ಲ. ಪ್ರೋಗ್ರಾಂ ಶುರುವಾಗುವಾಗ ಗಡಿಯಾರದ ಒಂದು ಟಿಕ್‌ನಲ್ಲಿ, ಅಂದರೆ ಸುಮಾರು 55 ಮಿಲಿಸೆಕೆಂಡಿನಲ್ಲಿ, ಪ್ರೊಸೆಸರ್ ಒಂದು ಖಾಲಿ ಲೂಪನ್ನು ಎಷ್ಟು ಸಲ ಸುತ್ತುತ್ತದೆ ಎಂದು ಎಣಿಸಿ, ಆ ಎಣಿಕೆಯನ್ನು 55ರಿಂದ ಭಾಗಿಸುತ್ತದೆ. ಮಿಲಿಸೆಕೆಂಡಿಗೆ ಎಷ್ಟು ಸುತ್ತು ಎಂದು ತಿಳಿದರೆ ಬೇಕಾದಷ್ಟು ಹೊತ್ತು ಕಾಯುವುದು ಸುಲಭ. ಭಾಗಲಬ್ಧ ಹಿಡಿಸಲು ಇಟ್ಟ ಜಾಗ 16 ಬಿಟ್, ಅಂದರೆ 65,535ರ ತನಕ. ಸುಮಾರು 200 ಮೆಗಾಹರ್ಟ್ಸ್ ಪ್ರೊಸೆಸರ್‌ಗಳು ಬಂದಾಗ ಉತ್ತರ ಆ ಜಾಗವನ್ನು ಮೀರಿತು. ಭಾಗಾಕಾರ ವಿಫಲವಾಯಿತು ಎಂದು ಪ್ರೊಸೆಸರ್ ಸೂಚಿಸಿತು. ಭಾಗಾಕಾರ ವಿಫಲವಾಗಲು ಸೊನ್ನೆಯೊಂದೇ ಕಾರಣ ಎಂದುಕೊಂಡಿದ್ದ ಪ್ಯಾಸ್ಕಲ್ ಆ ಸಂದೇಶ ತೋರಿಸಿತು. ದೋಷ ಸಂದೇಶವನ್ನು ಅಕ್ಷರಶಃ ನಂಬಿ ಹೊರಟವರು ದಾರಿ ತಪ್ಪುವುದು ಹೀಗೆ. ಸಂದೇಶವೂ ಆ ಕಾಲದ ಪ್ರೋಗ್ರಾಂನ ಒಂದು ಭಾಗ, ಅದಕ್ಕೂ ಅದರ ಕಾಲದ ನಂಬಿಕೆಗಳೇ ಇರುತ್ತವೆ.

ಅತ್ಯಂತ ಕುತೂಹಲದ ಕುಸಿತಗಳು ಮೆಮೊರಿಗೆ ಸಂಬಂಧಿಸಿದವು, ನನ್ನ ವಾದದ ಗಟ್ಟಿ ಪುರಾವೆ ಇರುವುದೂ ಅಲ್ಲಿಯೇ. ನಗರ ಕಟ್ಟುವ ಪ್ರಸಿದ್ಧ ಆಟ ‘ಸಿಮ್‌ಸಿಟಿ’ಯ ವಿಂಡೋಸ್ ಆವೃತ್ತಿಯಲ್ಲಿ ಒಂದು ತಪ್ಪಿತ್ತು: ಮೆಮೊರಿಯ ತುಂಡೊಂದನ್ನು ‘ನನಗಿನ್ನು ಬೇಡ’ ಎಂದು ಬಿಟ್ಟುಕೊಟ್ಟ ಮೇಲೂ ಆಟ ಅದನ್ನು ಓದುತ್ತಿತ್ತು. ವಿಂಡೋಸ್ 3.x ಆ ತುಂಡನ್ನು ಕೂಡಲೇ ಬೇರೆಯವರಿಗೆ ಕೊಡುತ್ತಿರಲಿಲ್ಲವಾದ್ದರಿಂದ ಹಳೆಯ ಮಾಹಿತಿ ಹಾಗೇ ಉಳಿದು ಆಟ ನಡೆಯುತ್ತಿತ್ತು. ವಿಂಡೋಸ್ 95ರಲ್ಲಿ ಕುಸಿಯಿತು. ಆಗ ಮೈಕ್ರೋಸಾಫ್ಟ್ ಮಾಡಿದ್ದು ಅಚ್ಚರಿಯ ಕೆಲಸ: ನಡೆಯುತ್ತಿರುವುದು ಸಿಮ್‌ಸಿಟಿಯೇ ಎಂದು ಗುರುತಿಸಿ, ಅದಕ್ಕೆ ಮಾತ್ರ ಬಿಟ್ಟುಕೊಟ್ಟ ಮೆಮೊರಿಯನ್ನು ತಕ್ಷಣ ವಾಪಸು ಪಡೆಯದಂತೆ ವಿಂಡೋಸ್‌ನೊಳಗೇ ಕೋಡ್ ಸೇರಿಸಿತು. ಎರಡನೆಯ ಪ್ರಕರಣ ಇನ್ನೂ ಹೊಸದು. 2005ರಲ್ಲಿ ಪಿ.ಸಿ.ಗೆ ಬಂದ ‘ಗ್ರ್ಯಾಂಡ್ ಥೆಫ್ಟ್ ಆಟೋ: ಸ್ಯಾನ್ ಆಂಡ್ರಿಯಾಸ್’ನಲ್ಲಿ ಸ್ಕಿಮ್ಮರ್ ಎಂಬ ನೀರಿನ ಮೇಲಿಳಿಯುವ ವಿಮಾನವಿದೆ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಅದು ಆಟದಿಂದ ಮಾಯವಾಯಿತು. ಬೇರೆ ಉಪಾಯದಿಂದ ಅದನ್ನು ಸೃಷ್ಟಿಸಿ ಹತ್ತಿದರೆ ಆಟಗಾರ ಊಹೆಗೂ ನಿಲುಕದ ಎತ್ತರಕ್ಕೆ ಚಿಮ್ಮುತ್ತಿದ್ದ. ಕಾರಣ ಹುಡುಕಿದಾಗ ಸಿಕ್ಕಿದ್ದು ಒಂದು ಟೆಕ್ಸ್ಟ್ ಫೈಲಿನ ಅಪೂರ್ಣ ಸಾಲು. ಪ್ರತಿ ವಾಹನದ ವಿವರವೂ ಆ ಫೈಲಿನಲ್ಲಿ ಒಂದೊಂದು ಸಾಲಾಗಿದೆ. ಸ್ಕಿಮ್ಮರ್‌ನ ಸಾಲಿನಲ್ಲಿ ಚಕ್ರದ ಅಳತೆಯ ಸಂಖ್ಯೆಗಳನ್ನು ಬರೆದೇ ಇರಲಿಲ್ಲ. ಹಿಂದಿನ ‘ವೈಸ್ ಸಿಟಿ’ ಆಟದಲ್ಲಿ ಅದೇ ವಾಹನವನ್ನು ದೋಣಿಯ ಗುಂಪಿಗೆ ಸೇರಿಸಿದ್ದರು, ದೋಣಿಗೆ ಚಕ್ರದ ಅಳತೆ ಬೇಕಿಲ್ಲ. ಸಂಖ್ಯೆ ಸಿಗದಿದ್ದಾಗ ಆಟ ಮೆಮೊರಿಯ ಆ ಜಾಗದಲ್ಲಿ ಉಳಿದಿದ್ದ ಕಸವನ್ನೇ ಅಳತೆ ಎಂದುಕೊಂಡಿತು. ಆ ಕಸ ಯಾವುದು? ಅದಕ್ಕೂ ಹಿಂದಿನ ಸಾಲಿನಲ್ಲಿದ್ದ ವ್ಯಾನ್‌ನ ಚಕ್ರದ ಅಳತೆ! ಸುಮಾರು ಇಪ್ಪತ್ತು ವರ್ಷ ಆ ವಿಮಾನ ಪಕ್ಕದ ವ್ಯಾನಿನ ಅಳತೆಯನ್ನು ಎರವಲು ಪಡೆದೇ ಹಾರಾಡಿತು. ಹೊಸ ವಿಂಡೋಸ್‌ನಲ್ಲಿ ಎರಡು ಸಾಲುಗಳ ನಡುವೆ ಓಡುವ ಒಂದು ಒಳ ಫಂಕ್ಷನ್ ಅದೇ ತಾತ್ಕಾಲಿಕ ಮೆಮೊರಿಯನ್ನು (ಸ್ಟ್ಯಾಕ್) ಮೊದಲಿಗಿಂತ ತುಸು ಹೆಚ್ಚು ಬಳಸತೊಡಗಿತು. ವ್ಯಾನ್‌ನ ಸಂಖ್ಯೆ ಅಳಿಸಿಹೋಗಿ ಅಲ್ಲಿ ಅರ್ಥವಿಲ್ಲದ ಬೇರೇನೋ ಕುಳಿತಿತು. ಆ ಸಾಲಿನ ಕೊನೆಗೆ ಬಿಟ್ಟುಹೋದ ಸಂಖ್ಯೆಗಳನ್ನು ಸೇರಿಸಿದರೆ ವಿಮಾನ ಮರಳುತ್ತದೆ.

‘ನಿನ್ನೆಯವರೆಗೆ ನಡೆಯುತ್ತಿತ್ತು, ವಿಂಡೋಸ್ ಅಪ್‌ಡೇಟ್ ಆದ ಮೇಲೆ ನಿಂತಿತು, ತಪ್ಪು ವಿಂಡೋಸ್‌ನದೇ ಅಲ್ಲವೇ?’ ಎಂದು ಕೇಳುವವರು ಸ್ಕಿಮ್ಮರ್ ಪ್ರಕರಣವನ್ನು ಗಮನಿಸಬೇಕು. ಬಳಸಿಬಿಟ್ಟ ಮೆಮೊರಿಯಲ್ಲಿ ಹಳೆಯ ಸಂಖ್ಯೆ ಉಳಿದಿರುತ್ತದೆ ಎಂದು ವಿಂಡೋಸ್ ಯಾವತ್ತೂ ಹೇಳಿಲ್ಲ. ಅಪ್‌ಡೇಟ್ ಬಂದದ್ದು ನಿನ್ನೆ ಇರಬಹುದು, ತಪ್ಪು ಮಾತ್ರ ಆಟದಷ್ಟೇ ಹಳೆಯದು. ಹಾಗೆಂದು ಎಲ್ಲ ಕುಸಿತಗಳನ್ನೂ ಆಟ ಬರೆದವರ ತಲೆಗೆ ಕಟ್ಟುವುದು ಅನ್ಯಾಯ. 16 ಬಿಟ್ ಇನ್‌ಸ್ಟಾಲರ್ ನಿಯಮಗಳನ್ನು ಪಾಲಿಸಿಯೇ ಬರೆದದ್ದು, ಅಲ್ಲಿ ನೆಲ ಕದಲಿಸಿದವರು ಆಪರೇಟಿಂಗ್ ಸಿಸ್ಟಂನವರು. ಸೇಫ್‌ಡಿಸ್ಕ್ ಎಂಬ ನಕಲು ನಿರೋಧಕ ತಂತ್ರಜ್ಞಾನದ ಕಥೆ ಇವೆರಡರ ನಡುವಿನದು. ಸಿ.ಡಿ. ಅಸಲಿಯೇ ಎಂದು ಪರೀಕ್ಷಿಸಲು ಅದು ವಿಂಡೋಸ್‌ನ ಒಳಕೇಂದ್ರದಲ್ಲಿ ಓಡುವ ಡ್ರೈವರ್ ಒಂದನ್ನು ಅವಲಂಬಿಸಿತ್ತು. ಸಾಮಾನ್ಯ ಪ್ರೋಗ್ರಾಂಗೂ ಪೂರ್ಣ ಅಧಿಕಾರ ದಕ್ಕಿಸಿಕೊಡುವ ರಂಧ್ರವೊಂದು 2007ರಲ್ಲಿ ಆ ಡ್ರೈವರ್‌ನಲ್ಲಿ ಬಯಲಾಯಿತು. 2015ರಲ್ಲಿ ವಿಂಡೋಸ್ 10 ಅದನ್ನು ಕೈಬಿಟ್ಟಿತು, ಅದೇ ವರ್ಷದ ಸೆಪ್ಟೆಂಬರ್ ಅಪ್‌ಡೇಟ್ ಹಿಂದಿನ ವಿಂಡೋಸ್‌ಗಳಲ್ಲೂ ಅದನ್ನು ನಿಷ್ಕ್ರಿಯಗೊಳಿಸಿತು. ಅಂದಿನಿಂದ, ಹಣ ಕೊಟ್ಟು ಅಸಲಿ ಸಿ.ಡಿ. ಕೊಂಡವರೇ ಆಟ ತೆರೆಯಲಾರದೆ ಕುಳಿತಿದ್ದಾರೆ. ಇದು ನೋವಿನ ಸಂಗತಿ. ಆದರೂ ಒಂದು ಆಟಕ್ಕಾಗಿ ಆ ಡ್ರೈವರ್ ಮರಳಿ ತರಬೇಕು ಎಂಬ ಸಲಹೆಯನ್ನು ನಾನು ಒಪ್ಪಲಾರೆ. ಇಡೀ ಕಂಪ್ಯೂಟರಿನ ಬಾಗಿಲು ತೆರೆದಿಡುವ ಬೆಲೆ ಅದಕ್ಕೆ ತೆರಬೇಕಾಗುತ್ತದೆ. ಆ ಕಾವಲನ್ನು ತೆಗೆದು ಮರುಬಿಡುಗಡೆ ಮಾಡಿದ ಆವೃತ್ತಿ ಮಾರಾಟದಲ್ಲಿದ್ದರೆ ಅದನ್ನು ಕೊಳ್ಳುವುದೇ ಲೇಸು. 2008ರಲ್ಲಿ ಗುಡ್ ಓಲ್ಡ್ ಗೇಮ್ಸ್ ಹೆಸರಿನಲ್ಲಿ ಶುರುವಾದ ಮಳಿಗೆ ಮೊದಲು ನಿಂತದ್ದೇ ಇಂಥ ಆವೃತ್ತಿಗಳ ಮೇಲೆ.

ಹೀಗೆ ನೋಡಿದರೆ ಆಟ ಯಾವ ಘಳಿಗೆಯಲ್ಲಿ ನಿಂತಿತು ಎಂಬುದೇ ದೊಡ್ಡ ಸುಳಿವು. ಇನ್‌ಸ್ಟಾಲರ್ ತೆರೆಯಲೇ ಇಲ್ಲವೆಂದರೆ ಗ್ರಾಫಿಕ್ಸ್ ಡ್ರೈವರ್ ಬದಲಿಸಿ ಫಲವಿಲ್ಲ. ಆಟ ಚೆನ್ನಾಗಿ ನಡೆದು, ಉಳಿಸಿಟ್ಟ ಹಂತ ಮಾತ್ರ ಕಾಣೆಯಾಗುತ್ತಿದ್ದರೆ ಅದನ್ನು ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಿಂದ ಹೊರಗೆ ಇನ್‌ಸ್ಟಾಲ್ ಮಾಡಿ ನೋಡಬೇಕು: ಹಿಂದಿನ ಆಟಗಳು ತಮ್ಮದೇ ಫೋಲ್ಡರಿನಲ್ಲಿ ಬರೆದಿಡುತ್ತಿದ್ದವು, ವಿಂಡೋಸ್ ವಿಸ್ಟಾ ಅದಕ್ಕೆ ತಡೆ ಹಾಕಿತು. 1999ರ ‘ಏಜ್ ಆಫ್ ಎಂಪೈರ್ಸ್ 2’ನಲ್ಲಿ ಹುಲ್ಲು ಕೆಂಪಾಗಿ ಕಂಡರೆ 256 ಬಣ್ಣಗಳ ಪಟ್ಟಿಯನ್ನು ಬೇರೊಂದು ಪ್ರೋಗ್ರಾಂ ಕಿತ್ತುಕೊಂಡಿದೆ ಎಂದರ್ಥ. ನಡುವೆ ಕ್ರ್ಯಾಶ್ ಆದರೆ ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ಯಾವ ಮಾಡ್ಯೂಲ್ ಕುಸಿಯಿತು ಎಂದು ದಾಖಲಾಗಿರುತ್ತದೆ. ಅದು ಆಟದ ಹೆಸರೋ, ಧ್ವನಿಯದೋ, ಗ್ರಾಫಿಕ್ಸ್‌ನದೋ ಎಂದು ನೋಡಿದರೆ ಹುಡುಕಾಟ ಅರ್ಧಕ್ಕಿಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಹಳೆಯ ಪ್ರೋಗ್ರಾಂಗಳಿಗೆಂದು ವಿಂಡೋಸ್ ಕೊಡುವ ಕಂಪ್ಯಾಟಿಬಿಲಿಟಿ ಪಟ್ಟಿಯ ಎಲ್ಲ ಚೌಕಗಳಿಗೂ ಟಿಕ್ ಹಾಕಿದಾಗ ಆಟ ನಡೆಯಬಹುದು, ಆದರೆ ಯಾವುದರಿಂದ ನಡೆಯಿತು ಎಂದು ತಿಳಿಯುವುದಿಲ್ಲ. ಮುಂದಿನ ಅಪ್‌ಡೇಟಿಗೆ ಮತ್ತೆ ನಿಂತರೆ ಮೊದಲಿನಿಂದ ಶುರುಮಾಡಬೇಕು.

ಇಷ್ಟೆಲ್ಲ ತಲೆನೋವೇಕೆ, ಹಳೆಯ ಯಂತ್ರವನ್ನೇ ಅನುಕರಿಸುವ ಎಮ್ಯುಲೇಟರ್ ಇದೆಯಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. 2002ರಿಂದ ಇರುವ ಡಾಸ್‌ಬಾಕ್ಸ್ ಡಾಸ್ ಕಾಲದ ಆಟಗಳ ಮಟ್ಟಿಗೆ ಹೆಚ್ಚುಕಡಿಮೆ ಪೂರ್ಣ ಉತ್ತರ. ಅದು ಗೆದ್ದದ್ದು ಹಳೆಯ ಯಂತ್ರ ಕೊಟ್ಟ ಮಾತುಗಳನ್ನಷ್ಟೇ ಅಲ್ಲ, ಅದರ ನಡವಳಿಕೆಯನ್ನೂ, ನಿಧಾನಗತಿಯನ್ನೂ ಅನುಕರಿಸಿದ್ದರಿಂದ. ವೇಗ ತಗ್ಗಿಸಿದರೆ ಎರರ್ 200 ಕೂಡ ಮಾಯವಾಗುತ್ತದೆ. ಆದರೆ 1996ರಿಂದ 2002ರವರೆಗಿನ ತ್ರೀಡಿ ಆಟಗಳಿಗೆ ಈ ದಾರಿ ಅಷ್ಟು ಸಲೀಸಲ್ಲ. ಅವುಗಳಲ್ಲಿ ಹಲವು 3ಡಿಎಫ್ಎಕ್ಸ್ ಕಂಪನಿಯ ಕಾರ್ಡುಗಳ ಗ್ಲೈಡ್ ಭಾಷೆಯಲ್ಲಿ ಮಾತಾಡುತ್ತಿದ್ದವು. ಆ ಕಂಪನಿ ಮುಚ್ಚಿತು. ಇಂದು ಆ ಮಾತನ್ನು ಹೊಸ ಕಾರ್ಡಿಗೆ ತಿಳಿಯುವಂತೆ ಅನುವಾದಿಸುವ ಡಿಜಿವೂಡೂ ಥರದ ಪದರಗಳಿವೆ, ಅವೂ ಪ್ರತಿ ಆಟಕ್ಕೆ ಬೇರೆ ಬೇರೆ ಹೊಂದಾಣಿಕೆ ಬೇಡುತ್ತವೆ.

ಕೇವಲ ಆಟವಲ್ಲವೇ ಎನ್ನುವವರಿಗೆ ನನ್ನ ಉತ್ತರ: ಇದೇ ರೋಗ ದಾಖಲೆಗಳಿಗೂ ತಗಲುತ್ತದೆ. ಯುನಿಕೋಡ್‌ಗೆ ಮೊದಲಿನ ಫಾಂಟುಗಳಲ್ಲಿ ಟೈಪಾದ ಕನ್ನಡ ಫೈಲುಗಳು, ಓದುವವರ ಕಂಪ್ಯೂಟರಿನಲ್ಲಿ ಅದೇ ಫಾಂಟು ಇರುತ್ತದೆ ಎಂದು ನಂಬಿದ್ದವು. ಅದು ಇಲ್ಲದಲ್ಲಿ ಇಂದು ಅವು ಅರ್ಥವಿಲ್ಲದ ಚಿಹ್ನೆಗಳ ಸಾಲು. ಅಲ್ಲಿ ಅವನ್ನು ಯುನಿಕೋಡ್‌ಗೆ ಬದಲಿಸುವ ಕನ್ವರ್ಟರ್ ಮಾಡುವ ಕೆಲಸವನ್ನೇ ಆಟಗಳಲ್ಲಿ ಪ್ಯಾಚ್ ಎಂಬ ತೇಪೆ ಮಾಡುತ್ತಿದೆ. ಆದರೆ ಹೊರಗಿನಿಂದ ತೇಪೆ ಹಾಕುವುದಕ್ಕೂ ಒಳಗಿನ ನಂಬಿಕೆಯನ್ನೇ ತಿದ್ದುವುದಕ್ಕೂ ವ್ಯತ್ಯಾಸವಿದೆ, ತಿದ್ದಲು ಮೂಲ ಕೋಡ್ ಬೇಕು. 1993ರ ‘ಡೂಮ್’ ಇಂದು ಎಲ್ಲೆಡೆ ನಡೆಯುವುದಕ್ಕೆ ಕಾರಣ ಐಡಿ ಸಾಫ್ಟ್‌ವೇರ್ ಸಂಸ್ಥೆ 1997ರಲ್ಲಿ ಅದರ ಕೋಡನ್ನು ಹೊರಗಿಟ್ಟದ್ದು. ಮಾರಾಟ ನಿಂತುಹೋದ ಪ್ರತಿ ಆಟದ ವಿಷಯದಲ್ಲೂ ಹೀಗಾಗಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಕೋಡ್ ಪೂರ್ತಿ ತಮ್ಮದಲ್ಲ, ಹೇಗೆ ಕೊಡುವುದು ಎಂದು ಕಂಪನಿಗಳು ಕೇಳಬಹುದು. ಡೂಮ್‌ನಲ್ಲೂ ಆ ತೊಡಕಿತ್ತು: ಡಾಸ್ ಆವೃತ್ತಿಯ ಧ್ವನಿ ಲೈಬ್ರರಿ ಬೇರೆಯವರ ಸ್ವತ್ತು. ಅದಕ್ಕಾಗಿ ಐಡಿ ಲಿನಕ್ಸ್ ಆವೃತ್ತಿಯ ಕೋಡ್ ಕೊಟ್ಟಿತು, ಧ್ವನಿಯ ಭಾಗವನ್ನು ಪಡೆದವರು ತಾವೇ ಬರೆದುಕೊಂಡರು.